ಮತ್ತೆ ಬಂದ ಲೆಕ್ಕದಯ್ಯ

"ಹೋದ್ ಸಾರಿ ಬರ್ಕಂಡೋದ್ಯಲ್ಲ ಮಗ, ಅದೇನಾಯ್ತು?"

1984ರ ಬೇಸಿಗೆಯ ಒಂದು ಬೆಳಿಗ್ಗೆ ನಂಜನಗೂಡು ತಾಲ್ಲೂಕಿನ ಹಳ್ಳಿಯೊಂದರಲ್ಲಿ, ಜಗಲಿಯ ಮೇಲೆ ಕಾಲು ನೀಡಿ ಕುಳಿತು ಮೊರದಲ್ಲಿ ಹುರುಳಿ ಕೇರುತ್ತಿದ್ದ ಮೂಲೆಮನೆಯ ದೊಡ್ಡವ್ವ ನನ್ನನ್ನು ಹೀಗೆ ಕೇಳಿದಳು. ಬಗಲಚೀಲದಿಂದ ಫಾರಂ ತೆಗೆಯುತ್ತಿದ್ದ ನಾನು ಹಾಗೇ ನಿಂತೆ. ಕೇಳುವ ಕೆಲಸ ನನ್ನದು, ಹೇಳುವ ಕೆಲಸ ಅವಳದು ಎಂಬುದು ಅಲ್ಲಿಯವರೆಗಿನ ನನ್ನ ತಿಳಿವಳಿಕೆ. "ಬೆಂಗಳೂರಿಗೆ ಕಳಿಸಿದ್ದೀವಿ ಅವ್ವಾ" ಎಂದೆ. "ಅಲ್ಲೇನ್ ಮಾಡುದ್ರು?" ಎಂದಳು. ಅಲ್ಲಿ ಏನು ಮಾಡಿದರೆಂಬುದು ನನಗೂ ಗೊತ್ತಿರಲಿಲ್ಲ.

ಆಗ ನನಗೆ ಇಪ್ಪತ್ತಾರು ವರ್ಷ. ಎಂ.ಎ. ಮುಗಿಸಿ ಕೆಲಸವಿಲ್ಲದೆ ತಿರುಗುತ್ತಿದ್ದವನನ್ನು ಬೆಂಗಳೂರಿನ ಒಂದು ಸಂಸ್ಥೆ ಸಮೀಕ್ಷೆಯ ಕೆಲಸಕ್ಕೆ ತೆಗೆದುಕೊಂಡಿತ್ತು. ಒಂದೇ ಮನೆಗೆ ವರ್ಷಕ್ಕೆರಡು ಸಲದಂತೆ ಐದು ವರ್ಷ ಹೋಗಬೇಕು. ಆ ಮನೆಯ ಹುಟ್ಟುವಳಿ, ಖರ್ಚು, ಸಾಲ, ಕಾಯಿಲೆ ಎಲ್ಲವನ್ನೂ ಬರೆಯಬೇಕು. ನನ್ನ ಪಾಲಿಗೆ ಬಂದದ್ದು ನಲವತ್ತು ಮನೆ. ಸೈಕ್ಲೋಸ್ಟೈಲ್ ಮಾಡಿದ ಫಾರಮ್ಮಿನಲ್ಲಿ ರಾಗಿ ಎಷ್ಟು ಸೇರು, ಸೀಮೆಎಣ್ಣೆ ಎಷ್ಟು ಸೀಸೆ, ಬೀಡಿಗೆ ವಾರಕ್ಕೆ ಎಷ್ಟು ಕಾಸು ಎಂದು ಕಾಲಂಗಳಿದ್ದವು. ಊರಿನವರು ನನಗೆ ಇಟ್ಟ ಹೆಸರು ಲೆಕ್ಕದಯ್ಯ.

ಒಮ್ಮೆ ಹೋಗಿ ಕೇಳಿ ಬರುವುದು ಸುಲಭ. ಹೊಸಬನೆಂಬ ಕುತೂಹಲಕ್ಕೇ ಜನ ಬಾಯಿ ಬಿಡುತ್ತಾರೆ. ಮೊದಲ ಸಲ ಎಲ್ಲ ಮನೆಯಲ್ಲೂ ಕಾಫಿ ಕೊಟ್ಟರು, ಬೆಲ್ಲದ ಕಾಫಿ. ಜನತಾ ಮನೆಗೆ ಹೆಸರು ಬರೆದುಕೊಳ್ಳುತ್ತಿದ್ದೇನೆಂಬ ಸುದ್ದಿ ನನಗಿಂತ ಮುಂಚೆ ಊರು ಸುತ್ತಿತ್ತೆಂಬುದು ತಡವಾಗಿ ತಿಳಿಯಿತು. ಎರಡನೆಯ ಸಲ ನೀರು ಕೊಟ್ಟರು. ಮೂರನೆಯ ಸಲದ ಹೊತ್ತಿಗೆ, ಒಳಗಿನಿಂದ ಅಪ್ಪ ಪಿಸುಗುಟ್ಟಿದ್ದನ್ನು ಹುಡುಗ ಹೊರಗೆ ಬಂದು ಗಟ್ಟಿಯಾಗಿ ಒಪ್ಪಿಸುತ್ತಿದ್ದ: "ಅಪ್ಪ ವಲಕ್ಕೋಗದೆ ಅಂತ ಯೋಳು ಅಂದ." ತುರ್ತುಪರಿಸ್ಥಿತಿಯ ಕಾಲದ ಆಪರೇಷನ್ ಭಯ ಇನ್ನೂ ಆರಿರಲಿಲ್ಲ, ಮನೆಯಲ್ಲಿ ಎಷ್ಟು ಮಕ್ಕಳು ಎಂದು ಮೂರು ಸಲ ಕೇಳಿದವನನ್ನು ನಂಬುವುದಾದರೂ ಹೇಗೆ?

ದೊಡ್ಡವ್ವ ಮಾತ್ರ ಅಡಗಿಕೊಳ್ಳಲಿಲ್ಲ. ಆ ಪ್ರಶ್ನೆಯನ್ನು ನನ್ನ ಕಡೆಗೆ ತಿರುಗಿಸಿದಳು, ಅಷ್ಟೆ. ಇದೇ ಪ್ರಶ್ನೆಯನ್ನು ಎದುರಿಸಿದವರು ನನಗಿಂತ ಹಿಂದೆಯೂ ಇದ್ದರು, ಅವರಲ್ಲಿ ಕೆಲವರು ಸುಮಾರಾದ ಉತ್ತರವನ್ನೂ ಕಂಡುಕೊಂಡಿದ್ದರು ಎಂಬುದನ್ನು ನಾನು ಓದಿ ತಿಳಿದದ್ದು ಆ ಕೆಲಸ ಬಿಟ್ಟು ಎಷ್ಟೋ ಕಾಲವಾದ ಮೇಲೆ.

ಮೊದಲು ಇಂಗ್ಲೆಂಡಿನ ಕಥೆ. ಮಹಾಯುದ್ಧ ಮುಗಿದು ಒಂದು ವರ್ಷವೂ ಆಗಿರಲಿಲ್ಲ, ತಿನ್ನುವುದಕ್ಕೆ ಇನ್ನೂ ರೇಷನ್. ಹುಟ್ಟುವ ಮಕ್ಕಳ ಸಂಖ್ಯೆ ಇಳಿಯುತ್ತಿದೆಯೆಂಬ ಚಿಂತೆ ಅಲ್ಲಿನ ವಿದ್ವಾಂಸರಿಗೆ ಯುದ್ಧಕ್ಕೂ ಮುಂಚಿನದು. ಹೆರಿಗೆಗೆ ಎಷ್ಟು ಖರ್ಚಾಗುತ್ತದೆ, ಯಾರಿಗೆ ಎಂಥ ಆರೈಕೆ ಸಿಗುತ್ತದೆ ಎಂದು ತಿಳಿಯಲು ಅವರು ಒಂದು ಸಮೀಕ್ಷೆ ಹೂಡಿದರು. ಅದನ್ನು ನಡೆಸಿದವನು ಜೇಮ್ಸ್ ಡಗ್ಲಾಸ್ ಎಂಬ ವೈದ್ಯ. ಯುದ್ಧಕಾಲದಲ್ಲಿ ಬಾಂಬುದಾಳಿಗೆ ಸಿಕ್ಕವರ ಗಾಯಗಳ ಲೆಕ್ಕ ಇಟ್ಟವನು. 1946ರ ಮಾರ್ಚ್ 3ರಿಂದ 9ರವರೆಗಿನ ಒಂದು ವಾರವನ್ನು ಗೊತ್ತುಮಾಡಿ, ಇಂಗ್ಲೆಂಡ್, ವೇಲ್ಸ್, ಸ್ಕಾಟ್‌ಲೆಂಡುಗಳಲ್ಲಿ ಆ ವಾರ ಹೆತ್ತ ತಾಯಂದಿರನ್ನು ಹುಡುಕಿಸಿದ. ಮಗುವಿಗೆ ಎರಡು ತಿಂಗಳಾಗುವ ಹೊತ್ತಿಗೆ ಆರೋಗ್ಯ ಸಂದರ್ಶಕಿಯರು ಮನೆಬಾಗಿಲಿಗೆ ಹೋದರು. ಮಾತಾಡಿದ ತಾಯಂದಿರು 13,687. ಮಗುವಿನ ಬಟ್ಟೆಗೆ, ತಳ್ಳುಗಾಡಿಗೆ ಎಷ್ಟು ಕೊಟ್ಟಿರಿ ಎಂಬ ಪ್ರಶ್ನೆಗಳನ್ನೂ ಕೇಳಿದರು. ನನ್ನ ಸೀಮೆಎಣ್ಣೆ ಕಾಲಮ್ಮಿನ ಅಕ್ಕತಂಗಿಯರು ಇವು!

ವರದಿ 1948ರಲ್ಲಿ ಪುಸ್ತಕವಾಯಿತು. ಅಲ್ಲಿಗೆ ಮುಗಿಯಬೇಕಾಗಿದ್ದ ಕೆಲಸ. ಡಗ್ಲಾಸ್ ಅದನ್ನು ಮುಗಿಯಗೊಡಲಿಲ್ಲ. ಆ ಮಕ್ಕಳಲ್ಲಿ 5,362 ಮಂದಿಯನ್ನು ಆರಿಸಿಕೊಂಡು ಬೆನ್ನುಹತ್ತಿದ. ಆರಿಸಿದ ರೀತಿಯನ್ನು ಹೇಳಿಬಿಡಬೇಕು. ಮೈಬಗ್ಗಿಸಿ ದುಡಿಯದ ಉದ್ಯೋಗದವರ ಮತ್ತು ಬೇಸಾಯಗಾರರ ಮಕ್ಕಳೆಲ್ಲರೂ ಸೇರಿದರು. ಉಳಿದ ಕೂಲಿಕಾರ್ಮಿಕರ ಮಕ್ಕಳಲ್ಲಿ ನಾಲ್ಕಕ್ಕೆ ಒಂದು ಮಾತ್ರ. ಅವಳಿಜವಳಿಗಳನ್ನೂ ಮದುವೆಯಾಗದ ತಾಯಂದಿರ ಮಕ್ಕಳನ್ನೂ ಕೈಬಿಟ್ಟರು. ಕಾರ್ಮಿಕರ ಮಕ್ಕಳ ಪಾಲು ಕಡಿಮೆಯಾದದ್ದನ್ನು ಗಣಿತದಿಂದ ಸರಿದೂಗಿಸಬಹುದು. ಪಟ್ಟಿಯಲ್ಲೇ ಇಲ್ಲದ ಮಗುವನ್ನು ಯಾವ ಗಣಿತವೂ ಕರೆತರುವುದಿಲ್ಲ.

ಮಕ್ಕಳು ಶಾಲೆಗೆ ಹೋಗುವತನಕ ಹಿಂಬಾಲಿಸುವುದು ಕಷ್ಟವಾಗಲಿಲ್ಲ. ಮೊದಲು ಸಂದರ್ಶಕಿಯರು, ಆಮೇಲೆ ಶಾಲೆಯ ಮೇಷ್ಟರು, ಶಾಲಾವೈದ್ಯರು ಸಿಕ್ಕುತ್ತಿದ್ದರು. ಹರೆಯ ಬಂತೆಂದರೆ ಕಷ್ಟ. ಹುಡುಗರು ಕೆಲಸ ಹುಡುಕಿಕೊಂಡು ಊರು ಬಿಡುತ್ತಾರೆ, ಹುಡುಗಿಯರು ಮದುವೆಯಾಗಿ ಮನೆತನದ ಹೆಸರನ್ನೇ ಬದಲಿಸಿಕೊಳ್ಳುತ್ತಾರೆ, ಕೆಲವರು ಕಡಲು ದಾಟುತ್ತಾರೆ. ಆಗ ಡಗ್ಲಾಸ್ ಕಂಡುಕೊಂಡ ಉಪಾಯ ನಗು ತರಿಸುವಷ್ಟು ಸರಳ: 1962ರಿಂದ, ಅಂದರೆ ಅವರಿಗೆ ಹದಿನಾರು ತುಂಬಿದಂದಿನಿಂದ, ವರ್ಷವರ್ಷವೂ ಹುಟ್ಟುಹಬ್ಬದ ಕಾರ್ಡು. ಎಲ್ಲರೂ ಒಂದೇ ವಾರದಲ್ಲಿ ಹುಟ್ಟಿದವರಾದ್ದರಿಂದ ಎಲ್ಲ ಕಾರ್ಡುಗಳನ್ನೂ ಒಟ್ಟಿಗೇ ಅಂಚೆಗೆ ಹಾಕಬಹುದು. ಯಾವುದು ಹಿಂದಿರುಗಿ ಬಂತೋ ಅವರ ವಿಳಾಸ ಬದಲಾಗಿದೆ ಎಂದರ್ಥ, ಹುಡುಕಲು ಶುರುಮಾಡಬಹುದು. ಇದು ಕಚೇರಿಯ ಲೆಕ್ಕಾಚಾರ. ಕಾರ್ಡು ಕೈಗೆ ಬಂದವನ ಲೆಕ್ಕ ಬೇರೆ. ಏನನ್ನೂ ಕೇಳದ ವರ್ಷದಲ್ಲೂ ಅವರು ತನ್ನನ್ನು ನೆನೆದರು ಎಂಬುದು ಅವನಿಗೆ ಮುಟ್ಟಿತ್ತು.

ಕೇಳಿದ್ದನ್ನು ಏನು ಮಾಡಿದರು ಎಂಬುದಕ್ಕೂ ಅಲ್ಲಿ ಉತ್ತರವಿತ್ತು. ಬುದ್ಧಿವಂತಿಕೆ ಒಂದೇ ಸಮನಾಗಿದ್ದರೂ ಕಾರ್ಮಿಕರ ಮಕ್ಕಳು ಒಳ್ಳೆಯ ಶಾಲೆಗಳಿಂದ ಹೇಗೆ ಹೊರಗುಳಿಯುತ್ತಾರೆ ಎಂದು ಡಗ್ಲಾಸ್ 1964ರ ತನ್ನ ಪುಸ್ತಕದಲ್ಲಿ ತೋರಿಸಿದ. ಹನ್ನೊಂದನೆಯ ವಯಸ್ಸಿನಲ್ಲಿ ಮಕ್ಕಳನ್ನು ಸೋಸುವ ಪರೀಕ್ಷೆಯ ಮೇಲೆ ಅಲ್ಲಿ ನಡೆಯುತ್ತಿದ್ದ ವಾದಕ್ಕೆ ಅದು ಬಲ ಕೊಟ್ಟಿತು. ಕಲ್ಲಿದ್ದಲ ಹೊಗೆ ಹೆಚ್ಚಿದ್ದ ಊರುಗಳಲ್ಲಿ ಬೆಳೆದ ಮಕ್ಕಳಿಗೆ ಎದೆಯ ಕಾಯಿಲೆ ಹೆಚ್ಚು ಎಂಬುದನ್ನು 1966ರಲ್ಲಿ ಇದೇ ಮಕ್ಕಳ ಲೆಕ್ಕ ಹೇಳಿತು. ಡಗ್ಲಾಸನ ತರುವಾಯ ಮೈಕೆಲ್ ವಾಡ್ಸ್‌ವರ್ತ್, ಡಯಾನಾ ಕೂ ಅದನ್ನು ಮುಂದುವರಿಸಿದರು. ನಡುವೆ ಹಣ ನಿಲ್ಲುವ ಭಯವೂ ಬಂದು ಹೋಯಿತು. 2011ರಲ್ಲಿ, ಅರವತ್ತೈದು ತುಂಬಿದಾಗ, ಅವರನ್ನೆಲ್ಲ ಹುಟ್ಟುಹಬ್ಬದ ಕೂಟಕ್ಕೆ ಕರೆದರು. ಜೀವಮಾನವಿಡೀ ಒಂದೇ ಪಟ್ಟಿಯಲ್ಲಿದ್ದು ಒಬ್ಬರ ಮುಖವನ್ನೊಬ್ಬರು ನೋಡಿರದ ಮುದುಕ ಮುದುಕಿಯರು ಕಲೆತು ಕೇಕು ತಿಂದರು.

ನಮ್ಮ ಹಳ್ಳಿಯಲ್ಲಿ ಈ ಕಾರ್ಡಿನ ಉಪಾಯ ನಡೆಯುತ್ತಿತ್ತೇ ಎಂದು ಯೋಚಿಸಿದ್ದುಂಟು. ದೊಡ್ಡವ್ವನನ್ನು ವಯಸ್ಸು ಕೇಳಿದರೆ, "ಪ್ಲೇಗು ಮಾರಿ ಬಂದು ಊರು ಬಿಟ್ಟಿದ್ರಲ್ಲ, ಆಗ ನಾನು ಮೊಲೆ ಕುಡಿಯೋ ಕೂಸಂತೆ" ಎನ್ನುವಳು. ಪ್ಲೇಗು ಆ ಸೀಮೆಗೆ ಎಷ್ಟೋ ಸಲ ಬಂದು ಹೋಗಿದೆ. ಫಾರಮ್ಮಿನಲ್ಲಿ ನಾನು 65 ಎಂದು ಬರೆದೆ, ಮುಂದಿನ ವರ್ಷ ಮರೆತು 62 ಎಂದು ಬರೆದೆ.

ಅಮೆರಿಕದ ಫ್ರಾಮಿಂಗ್‌ಹ್ಯಾಂ ಊರಿನ ದಾರಿ ಇನ್ನೊಂದು. ಬಾಸ್ಟನ್ ಬಳಿಯ ಆ ಪಟ್ಟಣದಲ್ಲಿ 1948ರಲ್ಲಿ ಹೃದಯರೋಗದ ಅಧ್ಯಯನ ಹೂಡಿದಾಗ ನೆರೆಹೊರೆಯವರನ್ನು ಒಪ್ಪಿಸುವ ಕೆಲಸಕ್ಕೆ ಊರಿನವರೇ ಸಮಿತಿ ಕಟ್ಟಿಕೊಂಡು ನಿಂತರು. 5,209 ಜನ ಸೇರಿದರು. ಎರಡು ವರ್ಷಕ್ಕೊಮ್ಮೆ ಪರೀಕ್ಷೆ. ಕಂಡುಬಂದದ್ದನ್ನು ಅವರವರ ವೈದ್ಯರಿಗೆ ತಿಳಿಸುತ್ತಿದ್ದರು. ರಕ್ತದೊತ್ತಡ, ಸಿಗರೇಟು, ಕೊಲೆಸ್ಟರಾಲು ಎಂದು ಇಂದು ನಮ್ಮೂರ ಡಾಕ್ಟರು ಹೆದರಿಸುವ ಮಾತಿಗೆ ಬಲ ಬಂದದ್ದು ಬಹುಪಾಲು ಅಲ್ಲಿಂದ. 1971ರಲ್ಲಿ ಅವರ ಮಕ್ಕಳನ್ನೂ 2002ರಲ್ಲಿ ಮೊಮ್ಮಕ್ಕಳನ್ನೂ ಸೇರಿಸಿಕೊಂಡರು. ಮನೆತನದ ಕೆಲಸವೆಂಬಂತೆ ಅದು ಮೂರು ತಲೆಮಾರು ನಡೆದುಬಂತು.

ಇವೆಲ್ಲ ಉಳ್ಳವರ ನಾಡಿನ ಮಾತು ಎನ್ನಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ನನ್ನ ನಲವತ್ತು ಮನೆಗಳಿಂದ ಬಸ್ಸಿನಲ್ಲಿ ಹೊರಟರೆ ಮಧ್ಯಾಹ್ನದೊಳಗೆ ಮುಟ್ಟುವ ಮಂಡ್ಯದ ಸೀಮೆಗೆ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಲ್ಲೇ ಬಂದು ಕುಳಿತಿದ್ದರು. ವಿಯೆನ್ನಾದಲ್ಲಿ ಹುಟ್ಟಿ ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡು ಸೇರಿದ ಹೆಣ್ಣುಮಗಳು. ನಾಲೆಯ ನೀರು ಹರಿದ ಒಂದು ಹಳ್ಳಿ, ಹರಿಯದ ಇನ್ನೊಂದು ಹಳ್ಳಿ. ಪುಸ್ತಕದಲ್ಲಿ ಅವುಗಳ ಹೆಸರು ವಂಗಲ, ದಲೇನ. ನೀರು ಬಾರದ ಊರಿನವರೇ ಹೊರಗಿನ ವ್ಯಾಪಾರ, ನೌಕರಿಗಳಿಗೆ ಕೈಹಾಕಿ ಹೆಚ್ಚು ಬದಲಾದರು ಎಂಬುದು ಆಕೆ ಕಂಡದ್ದು. ನನಗೆ ಮುಖ್ಯವಾದದ್ದು ಆಕೆ 1970ರಲ್ಲಿ ಅದೇ ಊರುಗಳಿಗೆ ತಿರುಗಿ ಬಂದದ್ದು. ಆಮೇಲೂ ನಂಟು ಬಿಡಲಿಲ್ಲ. ಆಕೆಗೆ ನೆರವಾಗಿದ್ದ ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಇಬ್ಬರೂ 1998ರ ಪುಸ್ತಕದಲ್ಲಿ ಆಕೆಯೊಂದಿಗೆ ಲೇಖಕರೇ ಆಗಿದ್ದಾರೆ. ಫಾರಂ ಹೊತ್ತವನ ಹೆಸರು ಪುಸ್ತಕದ ಮುಖದ ಮೇಲೆ! ನನ್ನ ಸಂಸ್ಥೆಯ ವರದಿಯಲ್ಲಿ ನಮ್ಮನ್ನು 'ಕ್ಷೇತ್ರ ಸಿಬ್ಬಂದಿ' ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದರು.

ಮೈಸೂರಿನಲ್ಲಿ ಇನ್ನೂ ವಿಚಿತ್ರವಾದದ್ದು ನಡೆಯಿತು. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟುಕೊಂಡು ಬಂದಿತ್ತು. ಯಾವ ಅಧ್ಯಯನಕ್ಕೂ ಅಲ್ಲ, ಶಿಸ್ತಿಗೆ. ಹುಟ್ಟುವಾಗಿನ ತೂಕಕ್ಕೂ ಮುಪ್ಪಿನ ಹೃದಯರೋಗಕ್ಕೂ ನಂಟಿದೆಯೆಂದು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಹೇಳತೊಡಗಿದ ಮೇಲೆ ಆ ದಾಖಲೆಗಳಿಗೆ ಜೀವ ಬಂತು. 1990ರ ದಶಕದಲ್ಲಿ ಮನೆಮನೆ ಸುತ್ತಿ ಆ ಕೂಸುಗಳನ್ನು ಹುಡುಕಿದರು. ಅಷ್ಟು ಹೊತ್ತಿಗೆ ಕೂಸುಗಳಿಗೇ ನಲವತ್ತು ದಾಟಿತ್ತು. ಮೊದಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ನಾಡಿನಲ್ಲಿ ಇದೆಂಥ ಹುಡುಕಾಟವೆಂದು ಊಹಿಸಿಕೊಳ್ಳಿ. ಮಗು ಹುಟ್ಟಿದ್ದು ಅಜ್ಜನ ಊರಿನಲ್ಲಿ, ಬೆಳೆದದ್ದು ಅಪ್ಪನ ಊರಿನಲ್ಲಿ, ಹೆಣ್ಣಾದರೆ ಬಾಳಿದ್ದು ಗಂಡನ ಊರಿನಲ್ಲಿ. 1934ರಿಂದ 1954ರೊಳಗೆ ಹುಟ್ಟಿದವರಲ್ಲಿ 517 ಜನರನ್ನು ಪರೀಕ್ಷಿಸಿ, ಕ್ಲಾಡಿಯಾ ಸ್ಟೈನ್, ಕೆರೊಲಿನ್ ಫಾಲ್, ಕೆ. ಕುಮಾರನ್ ಮೊದಲಾದವರು 1996ರಲ್ಲಿ ಪ್ರಕಟಿಸಿದರು: ಎರಡೂವರೆ ಕೆ.ಜಿ.ಯೊಳಗೆ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯರೋಗ, ಮೂರು ಕೆ.ಜಿ. ದಾಟಿ ಹುಟ್ಟಿದವರಲ್ಲಿ ನೂರಕ್ಕೆ 3 ಮಂದಿಗೆ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಹೊಸದೊಂದು ಅಧ್ಯಯನ ಶುರುವಾಯಿತು. 830 ಬಸುರಿಯರು, ಹುಟ್ಟಿದ ಕೂಸುಗಳು 663. ಐದು ವರ್ಷಕ್ಕೆ, ಒಂಬತ್ತೂವರೆಗೆ, ಹದಿಮೂರೂವರೆಗೆ ಪರೀಕ್ಷೆ. ನಡುನಡುವೆ ಎತ್ತರ, ತೂಕ. ಒಂಬತ್ತೂವರೆ ವರ್ಷವಾದಾಗಲೂ ಐನೂರಕ್ಕೂ ಮೇಲ್ಪಟ್ಟು ಮಕ್ಕಳು ಬಂದಿದ್ದರು. ಬಸುರಿಯಲ್ಲಿ ಸಕ್ಕರೆ ಕಾಯಿಲೆ ಬಂದ ತಾಯಂದಿರ ಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚು ಎಂಬುದು ಅಲ್ಲಿ ಕಂಡಿತು. ಆ ಅಂಕಿಗಿಂತ ನನ್ನನ್ನು ಹಿಡಿದದ್ದು ಆ 'ಬಂದಿದ್ದರು' ಎಂಬ ಮಾತು. ಮಗುವಿನ ಬೆರಳಿಗೆ ಸೂಜಿ ಚುಚ್ಚಿಸಲೆಂದು ಒಂದು ದಿನದ ಕೂಲಿ ಬಿಟ್ಟು ತಾಯಿ ಮತ್ತೆ ಬರಬೇಕಾದರೆ, ಹಿಂದಿನ ಸಲ ಯಾರೋ ಅವಳನ್ನು ಕೂರಿಸಿ ಮಾತಾಡಿಸಿರಬೇಕು.

ಈಗ ನನ್ನ ನಲವತ್ತು ಮನೆಗಳಿಗೆ ಬರುತ್ತೇನೆ. ಐದು ವರ್ಷ ಮುಗಿಯುವ ಹೊತ್ತಿಗೆ ಅವು ಮೂವತ್ತೊಂದಾಗಿದ್ದವು. ಎರಡು ಮನೆಯವರು ಮುಖಕ್ಕೆ ಹೇಳಿಯೇ ಬಿಟ್ಟರು. ಉಳಿದ ಏಳು ಮನೆಗಳಿಗೆ ಬೀಗ. ಬರ ಬಂದಿತ್ತು, ಭೂಮಿಯಿಲ್ಲದವರು ಕೊಡಗಿನ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೊರಟಿದ್ದರು. ಫಾರಮ್ಮಿನಲ್ಲಿ ಅದಕ್ಕೊಂದು ಅಂಕಿ ಇತ್ತು, 9. 'ಲಭ್ಯವಿಲ್ಲ' ಎಂದರ್ಥ. ಬರೆದು ಮುಂದಿನ ಮನೆಗೆ ಹೋಗುತ್ತಿದ್ದೆ.

ವರದಿ ಇಂಗ್ಲಿಷಿನಲ್ಲಿ ಅಚ್ಚಾಗಿ ಬಂತು. ಮನೆಯೊಂದಕ್ಕೆ ಸರಾಸರಿ ವರಮಾನ ಏರಿದೆ ಎಂದಿತ್ತು. ನನಗೆ ಖುಷಿಯಾಯಿತು. ರಾತ್ರಿ ಮಲಗಿದಾಗ ಹೊಳೆಯಿತು. ಹತ್ತು ಮನೆಗಳಲ್ಲಿ ತೀರಾ ಬಡವಾದ ಎರಡು ಮನೆ ಊರು ಬಿಟ್ಟರೆ, ಉಳಿದ ಎಂಟಕ್ಕೆ ಒಂದು ಸೇರು ರಾಗಿ ಹೆಚ್ಚಿಗೆ ಸಿಗದಿದ್ದರೂ ಸರಾಸರಿ ಏರುತ್ತದೆ. ಇಂಗ್ಲೆಂಡಿನಲ್ಲೂ ಕೈತಪ್ಪಿದವರಲ್ಲಿ ಓದು ಕಡಿಮೆಯಾದವರೂ ಆರೋಗ್ಯ ಕೆಟ್ಟವರೂ ಹೆಚ್ಚಾಗಿದ್ದರೆಂದು ಆಮೇಲೆ ಓದಿದೆ. ಅವರು ಅದನ್ನು ಅಳೆದು ಬರೆದಿದ್ದರು. ನಮ್ಮ ವರದಿಯಲ್ಲಿ ಆ ಒಂಬತ್ತು ಮನೆಗಳು ಅಡಿಟಿಪ್ಪಣಿಯಲ್ಲೂ ಇರಲಿಲ್ಲ. ಆ 9ನ್ನು ಬರೆದವನು ನಾನು. ಎಲ್ಲಿಗೆ ಹೋದರು ಎಂದು ಪಕ್ಕದ ಮನೆಯಲ್ಲಿ ಕೇಳಿದ್ದರೆ ಹೇಳುತ್ತಿದ್ದರು. ಒಮ್ಮೆ ದೊಡ್ಡವ್ವನೇ ಅಂದಿದ್ದಳು: "ರಾಗಿ ಎಸ್ಟು, ಉಪ್ಪು ಎಸ್ಟು ಅಂತ ಕೇಳ್ತಿಯಲ್ಲ, ನಮ್ ಹಟ್ಟಿ ಹೈದ ಎಲ್ಲೋದ ಅಂತ ಕೇಳ್ನೇ ಇಲ್ವಲ್ಲ ನೀನು?" ಕಿರಿಯ ಮಗ ಮನೆ ಬಿಟ್ಟು ಒಂದು ವರ್ಷವಾಗಿತ್ತು. ಫಾರಮ್ಮಿನಲ್ಲಿ ಮನೆಯ ಜನ ಐದರ ಬದಲು ನಾಲ್ಕು ಎಂದು ತಿದ್ದಿದ್ದೆ, ಅಷ್ಟೆ.

ಸಂಸ್ಥೆ ಊರಿಗೆ ವರದಿ ಕಳಿಸಲಿಲ್ಲ. ಕಳಿಸಬೇಕೆಂದು ಯಾರಿಗೂ ತೋಚಿರಲಿಲ್ಲ, ನನಗೂ. ನನಗೆ ತೋಚಿದ್ದು 1991ರಲ್ಲಿ, ಬೇರೆ ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ. ನನ್ನ ಹಳೆಯ ಡೈರಿಗಳಿಂದ ಮೂಲೆಮನೆಯ ಐದು ವರ್ಷದ ಲೆಕ್ಕವನ್ನು ಎರಡು ಹಾಳೆ ಕನ್ನಡದಲ್ಲಿ ದುಂಡಗೆ ಬರೆದುಕೊಂಡು ಒಂದು ಭಾನುವಾರ ಹೋದೆ.

ದೊಡ್ಡವ್ವ ತೀರಿಕೊಂಡು ಎಂಟು ತಿಂಗಳಾಗಿತ್ತು. ಸೊಸೆ ಜಗಲಿಗೆ ಚಾಪೆ ಹಾಸಿದಳು. "ಮತ್ತೆ ಸುರು ಮಾಡುದ್ರಾ ಲೆಕ್ಕಾವ?" ಎಂದಳು. ಇಲ್ಲ, ಆಗ ಬರೆದದ್ದನ್ನು ಓದಿ ಹೇಳಲು ಬಂದೆ ಎಂದೆ. ನಂಬಿದಂತೆ ಕಾಣಲಿಲ್ಲ, ಆದರೂ ಕುಳಿತಳು. ಒಂದೊಂದೇ ವರ್ಷ ಓದಿದೆ. ಪಕ್ಕದ ಮನೆಯವರೂ ಬಂದು ಕಂಬಕ್ಕೆ ಒರಗಿ ನಿಂತರು. 1986ಕ್ಕೆ ಬಂದು, ಎಮ್ಮೆ ಒಂದು ಎಂದಾಗ ಅವಳು ಕೈ ಅಡ್ಡ ಹಿಡಿದಳು.

"ಒಂದಲ್ಲ ಅಣ್ಣಾ, ಎರಡು. ಕರೀದ ನೀವು ಬರಾದುಕ್ ಮುಂಚೆ ಮೇಯಕ್ ಒಡ್ಕೊಂಡೋಗಿದ್ರು. ಅತ್ತೆ ಆವತ್ತೇ ಅಂದ್ರು, ತಪ್ಪು ಬರ್ಕಂಡೋದ ಅಂತ."

ನಾನು ಜೇಬಿನಿಂದ ಪೆನ್ನು ತೆಗೆದು, ಒಂದನ್ನು ಹೊಡೆದು ಎರಡು ಮಾಡಿದೆ. ಅವಳು ಬಗ್ಗಿ ನೋಡಿದಳು. "ಊಂ, ಓದಿ" ಎಂದಳು.