ಕಪಾಲಸಾಮುದ್ರಿಕ: ಒಂದು ಹುಸಿಶಾಸ್ತ್ರದ ಇತಿಹಾಸ

ಮನುಷ್ಯನ ಭಾಗ್ಯವು ಅವನ ಹಣೆಯಲ್ಲಿ ಬರೆದಿದೆ ಎಂಬ ನಂಬುಗೆ ನಮ್ಮಲ್ಲಿ ಬಹು ಹಳೆಯದು. ‘ಹಣೆಬರಹ’ವೆಂಬ ಮಾತು ಗೋಕಾಕ, ಹುಕ್ಕೇರಿಗಳ ಸಂತೆಯಲ್ಲಿಯೂ ಪಂಡಿತರ ಗೋಷ್ಠಿಯಲ್ಲಿಯೂ ಒಂದೇ ಅರ್ಥದಲ್ಲಿ ಸಲ್ಲುತ್ತದೆ. ಆದರೆ ಆ ಬರಹ ಕಣ್ಣಿಗೆ ಕಾಣುವಂಥದಲ್ಲವೆಂಬುದೂ ಆ ಮಾತಿನೊಳಗೇ ಅಡಗಿದೆ. ಹದಿನೆಂಟನೆಯ ಶತಮಾನದ ಕೊನೆಗೆ ಯುರೋಪಿನಲ್ಲಿ ತಲೆಯೆತ್ತಿದ ಒಂದು ವಿದ್ಯೆಯಾದರೋ ಆ ಬರಹವನ್ನು ಬೆರಳಿನಿಂದ ತಡವಿ ಓದಬಲ್ಲೆನೆಂದು ಸಾರಿತು. ಅದೇ ಫ್ರೆನಾಲಜಿ, ಕನ್ನಡದಲ್ಲಿ ಕಪಾಲಸಾಮುದ್ರಿಕವೆನ್ನಬಹುದು.

ಇದರ ಮೂಲಪುರುಷನು ವಿಯೆನ್ನಾದ ವೈದ್ಯನಾದ ಫ್ರಾಂಜ್ ಜೋಸೆಫ್ ಗಾಲ್ (1758–1828). ಮೆದುಳೇ ಮನಸ್ಸಿನ ನೆಲೆ. ಅದು ಇಪ್ಪತ್ತೇಳು ಅಂಗಗಳ ಸಮೂಹ. ಒಂದೊಂದು ಅಂಗವೂ ಒಂದೊಂದು ಗುಣಕ್ಕೆ ಆಶ್ರಯ. ಬಲಿತ ಅಂಗವು ತನ್ನ ಮೇಲಣ ತಲೆಬುರುಡೆಯನ್ನು ಉಬ್ಬಿಸುತ್ತದೆ — ಇದು ಅವನ ವಾದ. ಮೊದಲನೆಯ ಮಾತು ಸತ್ಯ. ಮೆದುಳಿನ ಬೇರೆ ಬೇರೆ ಭಾಗಗಳಿಗೆ ಬೇರೆ ಬೇರೆ ಕಾರ್ಯಗಳುಂಟೆಂಬ ಊಹೆಗೂ ಮುಂದೆ 1861ರಲ್ಲಿ ಪಾಲ್ ಬ್ರೋಕಾ ಎಂಬ ಫ್ರೆಂಚ್ ವೈದ್ಯನ ಶೋಧದಿಂದ ಒಂದು ಬಗೆಯ ಆಧಾರ ದೊರೆಯಿತು. ಕೊನೆಯ ಮಾತು ಮಾತ್ರ ಪೂರ್ಣ ಸುಳ್ಳು. ಬುರುಡೆಯ ಹೊರಮೈಯ ಏರಿಳಿತಕ್ಕೂ ಒಳಗಿನ ಮೆದುಳಿನ ಆಕಾರಕ್ಕೂ ಅಂಥ ಹೊಂದಾಣಿಕೆಯಿಲ್ಲ. ಗಾಲ್‌ನ ಶಿಷ್ಯ ಸ್ಪುರ್ಜ್‌ಹೈಮ್ ಈ ಅಂಗಗಳ ಸಂಖ್ಯೆಯನ್ನು ಇನ್ನಷ್ಟು ಬೆಳೆಸಿದನು. ಮುಂದೆ ಲೊರೆಂಜೊ ಫೌಲರನ ಹೆಸರಿನಲ್ಲಿ ಗುಣಗಳ ಗಡಿಗಳನ್ನು ಬರೆದ ಪಿಂಗಾಣಿಯ ತಲೆಗಳು ಮಾರಾಟಕ್ಕೆ ಬಂದುವು. ಗೋಕಾಕದ ಬೊಂಬೆಗಾರನೂ ಮರದ ಹಣ್ಣಿಗೆ ಬಣ್ಣ ಬಳಿದು ನಿಜದ ಹಣ್ಣೆಂಬ ಭ್ರಮೆಯನ್ನು ಹುಟ್ಟಿಸುತ್ತಾನೆ. ಅದು ಬೊಂಬೆಯೆಂದು ಅವನೂ ಬಲ್ಲ, ಕೊಳ್ಳುವವನೂ ಬಲ್ಲ. ಪಿಂಗಾಣಿಯ ತಲೆ ಶಾಸ್ತ್ರವೆಂದೇ ಬಿಕರಿಯಾಯಿತು.

ಈ ವಿದ್ಯೆ ಭಾರತಕ್ಕೆ ಬರಲು ತಡವಾಗಲಿಲ್ಲ. 1825ರಲ್ಲಿ ಕಲಕತ್ತೆಯಲ್ಲಿ ಇದಕ್ಕೊಂದು ಸಂಘವೇ ಸ್ಥಾಪನೆಯಾಯಿತು. ಅದಕ್ಕಿಂತ ನೆನೆಯಬೇಕಾದುದು ಏಳು ಬುರುಡೆಗಳ ಕಥೆ. ಠಕ್ಕರೆಂದು ಮಧ್ಯಭಾರತದಲ್ಲಿ ಗಲ್ಲಿಗೇರಿಸಲ್ಪಟ್ಟ ಏಳು ಜನರ ತಲೆಬುರುಡೆಗಳನ್ನು ಹೆನ್ರಿ ಸ್ಪ್ರೈ ಎಂಬ ವೈದ್ಯನು ಎಡಿನ್‌ಬರೋದ ಸಂಘಕ್ಕೆ ಕಳುಹಿಸಿದನು. 1834ರಲ್ಲಿ ರಾಬರ್ಟ್ ಕಾಕ್ಸ್ ಅವುಗಳನ್ನು ಕುರಿತು ಬರೆದನು. ಕೊಲೆಯನ್ನೇ ಕಸುಬಾಗಿ ಮಾಡಿಕೊಂಡವರೆನಿಸಿದವರ ತಲೆಯಲ್ಲಿ ಸಂಹಾರಬುದ್ಧಿಯ ಉಬ್ಬು ಎದ್ದುಕಾಣಬೇಕಷ್ಟೆ? ಅದು ಹಾಗೆ ಎದ್ದುಕಾಣಲಿಲ್ಲ. ಶಾಸ್ತ್ರವನ್ನು ಕೈಬಿಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಬೇಕಿರಲಿಲ್ಲ. ಆದರೆ ಬೇರೆ ಅಂಗಗಳ ಕೊರತೆಯನ್ನೂ ಬೆಳೆದ ವಾತಾವರಣವನ್ನೂ ಮುಂದೆ ಮಾಡಿ ಶಾಸ್ತ್ರವನ್ನು ಉಳಿಸಿಕೊಳ್ಳಲಾಯಿತು. ಯಾವ ಸಾಕ್ಷ್ಯದಿಂದಲೂ ಸೋಲದಿರುವುದು ಹುಸಿಶಾಸ್ತ್ರದ ಮೊದಲ ಗುರುತು.

ಆ ಶತಮಾನದ ನಡುವೆ ವಿದ್ವಾಂಸರಲ್ಲಿ ಫ್ರೆನಾಲಜಿಯ ಮರ್ಯಾದೆ ಕುಂದಿತು. ಆದರೂ ದೇಹವನ್ನು ಅಳೆದು ಜನರ ತರತಮವನ್ನು ನಿರ್ಣಯಿಸುವ ಚಟವು ಮಾನವಶಾಸ್ತ್ರದ ವೇಷದಲ್ಲಿ ಉಳಿಯಿತು. 1901ರ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಹರ್ಬರ್ಟ್ ರಿಸ್ಲಿಯು ಮೂಗಿನ ಅಗಲವನ್ನು ನೂರರಿಂದ ಗುಣಿಸಿ ಎತ್ತರದಿಂದ ಭಾಗಿಸಿ, ಬಂದ ಅಂಕೆಯಲ್ಲಿ ಜಾತಿಯ ಮೇಲುಕೀಳನ್ನು ಕಂಡನು. ಮದರಾಸಿನ ಎಡ್ಗರ್ ಥರ್ಸ್ಟನ್ ಅಳತೆಯ ಉಪಕರಣಗಳೊಡನೆ ಬಳ್ಳಾರಿ ಸೀಮೆಯವರೆಗೂ ತಿರುಗಿದನು.

ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. 1884ರಲ್ಲಿ ಪ್ರಕಟವಾದ ಈ ಜಿಲ್ಲೆಯ ಗ್ಯಾಸೆಟಿಯರು ಗೋಕಾಕ, ಮೂಡಲಗಿಗಳ ಸೀಮೆಯನ್ನೂ ಅಂದು ಚಿಕ್ಕೋಡಿ ತಾಲೂಕಿನಲ್ಲಿದ್ದ ಹುಕ್ಕೇರಿಯನ್ನೂ ಒಳಗೊಂಡಿದೆ. ಇತಿಹಾಸದ ವಿದ್ಯಾರ್ಥಿಗೆ ಅದು ಇಂದಿಗೂ ಬಿಡಲಾಗದ ಆಕರ. ಆದರೆ ಅದರ ಜನವರ್ಣನೆಯ ಅಧ್ಯಾಯವನ್ನು ಎಚ್ಚರದಿಂದ ಓದಬೇಕು. ಅಲ್ಲಿ ಒಂದೊಂದು ಜಾತಿಗೂ ಮೈಬಣ್ಣ, ಮೈಕಟ್ಟು, ಉಡಿಗೆ, ಆಹಾರಗಳ ಸಾಲಿನಲ್ಲಿಯೇ ಸ್ವಭಾವವನ್ನೂ ಒಂದೆರಡು ವಿಶೇಷಣಗಳಲ್ಲಿ ಹೇಳಿ ಮುಗಿಸಲಾಗಿದೆ. ಮಗ್ಗ ಎಂಥದೆಂದು ಬರೆದ ಲೇಖನಿಯೇ ನೇಕಾರನ ಶೀಲವನ್ನೂ ಬರೆಯಿತು.

ಬರಿಯ ಬರಹವಾಗಿ ನಿಂತಿದ್ದರೆ ಹಾನಿ ಅಲ್ಪವಾಗುತ್ತಿತ್ತು. ಉತ್ತರ ಭಾರತದಲ್ಲಿ 1871ರಲ್ಲಿ ಜಾರಿಗೆ ಬಂದ ಅಪರಾಧಿ ಬುಡಕಟ್ಟುಗಳ ಕಾಯಿದೆ 1911ರ ತಿದ್ದುಪಡಿಯಿಂದ ಮುಂಬಯಿ ಪ್ರಾಂತಕ್ಕೂ ವ್ಯಾಪಿಸಿತು. ಈ ಕಾಯಿದೆ ಫ್ರೆನಾಲಜಿಯ ನೇರ ಸಂತಾನವೆನ್ನುವುದು ಸರಿಯಲ್ಲ. ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುತ್ತಾನೆಂಬ, ಜಾತಿಕಸುಬಿನ ಒರಟು ತಿಳಿವಳಿಕೆಯೇ ಅದರ ತಳಹದಿ. ಆದರೆ ಎರಡರ ಫಲಿತಾಂಶ ಒಂದೇ: ಕೃತ್ಯ ನಡೆಯುವ ಮೊದಲೇ ಮನುಷ್ಯ ಅಪರಾಧಿ. ಕೊರವರು, ಬೆಳಗಾವಿ–ಧಾರವಾಡ ಭಾಗದ ಗಂಟಿಚೋರರು ಮೊದಲಾದವರು ಪೊಲೀಸರ ಕಣ್ಣಿನಲ್ಲಿ ಹುಟ್ಟಿನಿಂದಲೇ ಕಳ್ಳರಾದರು. ನೋಂದಣಿಯಾದವನು ಹಾಜರಿ ಕೊಡಬೇಕು, ಬೆರಳಚ್ಚು ಒತ್ತಬೇಕು, ಅಪ್ಪಣೆಯಿಲ್ಲದೆ ಊರು ಬಿಡಬಾರದು. ಹುಬ್ಬಳ್ಳಿ, ಗದಗ, ವಿಜಾಪುರ, ಸೊಲ್ಲಾಪುರಗಳಲ್ಲಿ ಇಂಥವರಿಗಾಗಿಯೇ ವಸಾಹತುಗಳು ಏರ್ಪಟ್ಟುವು.

ಕನ್ನಡ ನಾಡಿನಲ್ಲಿ ಇದು ನಡೆದುದು ವಿಪರ್ಯಾಸವೇ ಸರಿ. ಕನ್ನ ಹಾಕುವುದೇ ವೃತ್ತಿಯಾಗಿದ್ದಿತೆಂದು ಪರಂಪರೆ ಹೇಳುವ ಕನ್ನದ ಮಾರಿತಂದೆಯನ್ನು ಹನ್ನೆರಡನೆಯ ಶತಮಾನದ ಶರಣಸಮೂಹ ತನ್ನವನೆಂದು ಎಣಿಸಿತು. ಅವನ ವಚನಗಳನ್ನು ಉಳಿಸಿಕೊಂಡಿತು. ಅವನ ತಲೆಯನ್ನು ಯಾರೂ ತಡವಿ ನೋಡಲಿಲ್ಲ.

ಬುರುಡೆಯ ಅಳತೆಗೆ ಉತ್ತರ ಅಳತೆಯಿಂದಲೇ ಬಂದುದು ಈ ಇತಿಹಾಸದ ಸ್ವಾರಸ್ಯ. ಇರಾವತಿ ಕರ್ವೆಯವರು 1920ರ ದಶಕದ ಕೊನೆಗೆ ಬರ್ಲಿನ್ನಿಗೆ ಹೋಗಿ ಯೂಜೆನ್ ಫಿಶರನ ಕೈಕೆಳಗೆ ಸಂಶೋಧನೆ ನಡೆಸಿದರು. ಬಿಳಿಯರ ಬುರುಡೆಯ ಎಡಬಲಗಳ ಅಸಮತೆ ಅವರ ಬುದ್ಧಿಯ ಹಿರಿಮೆಗೆ ಕುರುಹೆಂಬುದು ಗುರುವಿನ ಊಹೆ. ಕರ್ವೆಯವರು 149 ಬುರುಡೆಗಳನ್ನು ಅಳೆದು, ಅಸಮತೆಗೂ ಜನಾಂಗಕ್ಕೂ ಸಂಬಂಧ ಕಾಣುವುದಿಲ್ಲವೆಂದು ಬರೆದರು. ಗುರುವಿನ ಎದುರಿಗೇ ಹೀಗೆ ಬರೆಯುವುದು ಅಂದು ಸಣ್ಣ ಧೈರ್ಯವಲ್ಲ. ಅವರೇ ಮುಂದೆ ಕರ್ನಾಟಕದ ಜನರ ದೇಹಮಾನಗಳನ್ನೂ ಅಳೆದರು. ಆ ಅಧ್ಯಯನ 1954ರಲ್ಲಿ ಪ್ರಕಟವಾಯಿತು. ಅಳತೆಯೇ ದೋಷವಲ್ಲ, ಅಳೆದ ಎಲುಬಿನಿಂದ ಅಳೆಯಬಾರದ ಶೀಲಕ್ಕೆ ಜಿಗಿಯುವುದು ದೋಷ.

ಅಪರಾಧಿ ಬುಡಕಟ್ಟುಗಳ ಕಾಯಿದೆ 1952ರಲ್ಲಿ ದೇಶಾದ್ಯಂತ ರದ್ದಾಯಿತು. ಗಂಟು ಕದಿಯುವವನೆಂಬ ಅರ್ಥದ ಹೆಸರು ಮಾತ್ರ ರದ್ದಾಗಲಿಲ್ಲ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಅದು ಸೇರಿದೆ. ಆ ಸಮುದಾಯದ ಬಾಲಕನು ವಿದ್ಯಾರ್ಥಿವೇತನಕ್ಕೆಂದು ಪಡೆಯುವ ಜಾತಿ ಪ್ರಮಾಣಪತ್ರದಲ್ಲಿ ‘ಗಂಟಿಚೋರ’ ಎಂದೇ ಬರೆದಿರುತ್ತದೆ.