ಎಡಗೈ ಹೆಬ್ಬೆರಳಿನ ಚರಿತ್ರೆ

ಹಗಲು ಹೊತ್ತಿನಲ್ಲಿ ಬೈಕಿನ ಹೆಡ್‌ಲೈಟ್ ಉರಿಯುತ್ತಿದ್ದರೆ ಎದುರಿಂದ ಬರುವವರು ಕೈಯೆತ್ತಿ ಬೆರಳು ಮುಚ್ಚಿ ತೆರೆದು ತೋರಿಸುತ್ತಿದ್ದರು, ನೆನಪಿದೆಯಾ? 'ಲೈಟ್ ಉರೀತಿದೆ, ಆರಿಸ್ರೀ' ಅಂತ ಅದರ ಅರ್ಥ. ಗುರುತು ಪರಿಚಯ ಇಲ್ಲದವರು ಮಾಡುತ್ತಿದ್ದ ಸಣ್ಣ ಉಪಕಾರ ಅದು. ಈಗ ಅಪರೂಪ. 2017ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಬೈಕು, ಸ್ಕೂಟರುಗಳಲ್ಲಿ ಎಂಜಿನ್ ಚಾಲೂ ಆದ ತಕ್ಷಣ ಹೆಡ್‌ಲೈಟೂ ತಾನಾಗಿಯೇ ಹೊತ್ತಿಕೊಳ್ಳಬೇಕು ಅನ್ನುವ ನಿಯಮ ಬಂತು. ಹ್ಯಾಂಡಲ್ ಮೇಲಿದ್ದ ಲೈಟ್ ಆರಿಸುವ ಸ್ವಿಚ್ಚು ಹೊಸ ಗಾಡಿಗಳಿಂದ ಮಾಯವಾಯಿತು. ಅದರ ಹಿಂದೆಯೇ ಆ ಕೈಸನ್ನೆಯೂ ಹೋಯಿತು. ಯಾರೂ ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ.

ಒಂದು ಸ್ವಿಚ್ಚು ಬರುವುದು, ಹೋಗುವುದು ಕೂಡ ಚರಿತ್ರೆಯೇ ಅಂತ ನನಗೆ ಹೊಳೆದದ್ದು ಅಪ್ಪನ ಜಾವಾ ಬೈಕನ್ನು ರಿಸ್ಟೋರ್ ಮಾಡಿಸಲು ಹೊರಟಾಗ. 1969ರ ಗಾಡಿ. ಮೈಸೂರಿನ ಮನೆಯ ಹಿತ್ತಿಲ ಶೆಡ್ಡಿನಲ್ಲಿ ವರ್ಷಗಟ್ಟಲೆ ಗೋಣಿಚೀಲ ಹೊದ್ದು ನಿಂತಿತ್ತು. ಎಂಜಿನ್ ಬಿಚ್ಚಿದ್ದಾಯಿತು, ಪೇಂಟ್ ಆಯಿತು, ಹ್ಯಾಂಡಲ್‌ಗೆ ಕ್ರೋಮ್ ಹೊಡೆಸಿದ್ದೂ ಆಯಿತು. ಇಷ್ಟೆಲ್ಲ ಸಲೀಸಾಗಿ ಮುಗಿದು, ಕೆಲಸ ನಿಂತುಹೋಗಿದ್ದು ಅಂಗೈಯಲ್ಲಿ ಹಿಡಿಸುವಷ್ಟಿದ್ದ ಎರಡು ಸ್ವಿಚ್ಚುಗಳ ಹತ್ತಿರ.

ಆ ಕಥೆಗೆ ಬರುತ್ತೇನೆ. ಅದಕ್ಕೂ ಮುಂಚೆ ಸ್ವಲ್ಪ ಹಿಂದಕ್ಕೆ ಹೋಗೋಣ.

ಮೋಟಾರ್ ಸೈಕಲ್ ಹುಟ್ಟಿದ ಕಾಲದಲ್ಲಿ ಹ್ಯಾಂಡಲ್ ಮೇಲೆ ಸ್ವಿಚ್ಚೇ ಇರಲಿಲ್ಲ, ಇದ್ದದ್ದು ಲಿವರ್‌ಗಳು. 1896ರಲ್ಲಿ ಬೌಡೆನ್ ಎಂಬಾತ ಬ್ರಿಟನ್ನಿನಲ್ಲಿ ಒಂದು ಕೇಬಲ್‌ಗೆ ಪೇಟೆಂಟ್ ಪಡೆದ. ಹೊರಗೆ ಬಾಗುವ ಕೊಳವೆ, ಒಳಗೆ ಜಾರುವ ತಂತಿ. ಇಂದಿಗೂ ನಮ್ಮ ಕ್ಲಚ್ ಕೇಬಲ್ ಅಂದರೆ ಅದೇ. ಬೆರಳ ತುದಿಯ ಎಳೆತವನ್ನು ಎಂಜಿನ್‌ವರೆಗೆ ತಿರುವುಮುರುವು ದಾರಿಯಲ್ಲಿ ಸಾಗಿಸಲು ಸಾಧ್ಯವಾದ ಮೇಲೆ ಎಲ್ಲವೂ ಹ್ಯಾಂಡಲ್‌ಗೆ ಬಂದು ಕೂತವು. ಪೆಟ್ರೋಲ್ ಹೆಚ್ಚು ಕಡಿಮೆ ಮಾಡಲು ಒಂದು ಲಿವರ್, ಗಾಳಿಗೆ ಇನ್ನೊಂದು, ಕಿಡಿ ಯಾವ ಗಳಿಗೆಗೆ ಹಾರಬೇಕು ಅಂತ ಹೊಂದಿಸಲು ಮತ್ತೊಂದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಗೆ ಸುಮಾರು 30,000 ಸಂಖ್ಯೆಯಲ್ಲಿ ಹೋದ ಟ್ರಯಂಫ್ ಮಾಡೆಲ್ ಎಚ್ ಇಂಥದ್ದೇ ಗಾಡಿ. ಗೇರ್ ಬದಲಾಯಿಸಲು ಹ್ಯಾಂಡಲ್‌ನಿಂದ ಕೈ ತೆಗೆದು ಟ್ಯಾಂಕಿನ ಪಕ್ಕದ ಲಿವರ್ ಹಿಡಿಯಬೇಕಿತ್ತು. ಸವಾರ ಗಾಡಿ ಓಡಿಸುತ್ತಿದ್ದ ಅನ್ನುವುದಕ್ಕಿಂತ ಹಾರ್ಮೋನಿಯಂ ನುಡಿಸುತ್ತಿದ್ದ ಅಂದರೂ ತಪ್ಪಿಲ್ಲ.

ಯಾವ ಕೈ ಏನು ಮಾಡಬೇಕು ಎಂಬುದರಲ್ಲೂ ಒಮ್ಮತ ಇರಲಿಲ್ಲ. ಅಮೆರಿಕದ 'ಇಂಡಿಯನ್' ಕಂಪನಿಯ ಎಷ್ಟೋ ಬೈಕುಗಳಲ್ಲಿ ಆಕ್ಸಿಲರೇಟರ್ ಎಡಗೈಯಲ್ಲಿತ್ತು! ಹಿಡಿಯನ್ನೇ ತಿರುಚಿ ವೇಗ ಹೆಚ್ಚಿಸುವ, ನಾವು ಹುಟ್ಟಿನಿಂದ ಬಂದದ್ದು ಅಂದುಕೊಂಡಿರುವ ಪದ್ಧತಿ ಎಲ್ಲ ಕಡೆ ನೆಲೆಯಾಗಲು ದಶಕಗಳೇ ಬೇಕಾದವು. ಎಂಜಿನ್‌ಗಳು ಜಾಣ ಆಗುತ್ತಾ ಹೋದಂತೆ ಲಿವರ್‌ಗಳು ಒಂದೊಂದೇ ಕಳಚಿಕೊಂಡವು. ಹಳೇ ಬುಲೆಟ್ ಓಡಿಸಿದವರಿಗೆ ಗೊತ್ತು, ಅದರಲ್ಲಿ ಅಂಥದ್ದೊಂದು ಲಿವರ್ ಬಹಳ ಕಾಲ ಉಳಿದಿತ್ತು: ಎಡಗಡೆಯ ಪುಟ್ಟ ಡಿಕಂಪ್ರೆಸರ್. ಆಂಪಿಯರ್ ಮೀಟರಿನ ಮುಳ್ಳು ಮಧ್ಯಕ್ಕೆ ಬರಿಸಿ, ಆ ಲಿವರ್ ಒತ್ತಿ ಕಿಕ್ಕರನ್ನು ಸ್ವಲ್ಪ ಇಳಿಸಿ, ಬಿಟ್ಟು, ಆಮೇಲೆ ಒದೆಯಬೇಕು. ತಪ್ಪಿದರೆ ಗಾಡಿಯೇ ವಾಪಸ್ ಒದೆಯುತ್ತಿತ್ತು.

ಲಿವರ್‌ಗಳು ಖಾಲಿ ಮಾಡಿದ ಜಾಗಕ್ಕೆ ವಿದ್ಯುತ್ತು ಬಂತು. ಮೊದಲು ಕಾರ್ಬೈಡ್ ದೀಪಗಳಿದ್ದವು. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿ ಬರುವ ಗ್ಯಾಸಿಗೆ ಬೆಂಕಿಕಡ್ಡಿ ಗೀರುವುದು. ಅದಕ್ಕೆ ಸ್ವಿಚ್ಚು ಎಲ್ಲಿಂದ ಬರಬೇಕು? ಡೈನಮೋ ಬಂದಮೇಲೆ ಬಲ್ಬ್ ಬಂತು, ಬಲ್ಬಿನ ಬೆಳಕು ಜೋರಾದಂತೆ ಎದುರಿನವರ ಕಣ್ಣಿಗೆ ಹೊಡೆಯಿತು, ಹಾಗಾಗಿ ಡಿಪ್ಪರ್ ಬೇಕಾಯಿತು. ಕೈಯಲ್ಲಿ ಹಿಚುಕುವ ರಬ್ಬರ್ ಬುಡ್ಡೆಯ ಹಾರನ್ ಹೋಗಿ ಗುಂಡಿ ಒತ್ತುವ ಹಾರನ್ ಬಂತು. ಬಲಗೈ ಆಗಲೇ ಆಕ್ಸಿಲರೇಟರ್, ಮುಂದಿನ ಬ್ರೇಕ್ ಎರಡನ್ನೂ ಹಿಡಿದುಕೊಂಡಿತ್ತು. ಡಿಪ್ಪರ್, ಹಾರನ್ ಎರಡೂ ಸಾಮಾನ್ಯವಾಗಿ ಎಡಗೈ ಹೆಬ್ಬೆರಳಿನ ಪಾಲಿಗೆ ಬಿದ್ದವು.

ನಮ್ಮ ಜಾವಾ ಇದೇ ಘಟ್ಟದ ಗಾಡಿ. ಚೆಕೊಸ್ಲೊವಾಕಿಯಾದ ಕಂಪನಿ; 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ವಾಂಡರರ್ ಎಂಬ ಜರ್ಮನ್ ಬೈಕಿನ ಹಕ್ಕು ಕೊಂಡು ಶುರುಮಾಡಿದ್ದು. ಎರಡೂ ಹೆಸರಿನ ಮೊದಲಕ್ಷರಗಳು ಸೇರಿ ಜಾವಾ. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಶುರುವಾದದ್ದು 1961ರಲ್ಲಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರೇ ಉದ್ಘಾಟಿಸಿದರು. ಅಲ್ಲಿಂದ ಜಾವಾ, ಆಮೇಲೆ ಯೆಜ್ಡಿ ಆಗಿ 1996ರಲ್ಲಿ ಬಾಗಿಲು ಹಾಕುವವರೆಗೂ ಬೈಕುಗಳು ಹೊರಬಂದವು. ಕಿಕ್ಕರ್ ಲಿವರನ್ನೇ ಮುಂದಕ್ಕೆ ಮಡಚಿದರೆ ಗೇರ್ ಲಿವರ್ ಆಗುತ್ತಿದ್ದ ಚಮತ್ಕಾರ ಎಲ್ಲರಿಗೂ ಗೊತ್ತು. ಹ್ಯಾಂಡಲ್ ಮಾತ್ರ ಬಹಳ ಸರಳ: ಹಾರನ್, ಡಿಪ್ಪರ್, ಮುಗೀತು. ಇಂಡಿಕೇಟರ್ ಇರಲಿಲ್ಲ.

ಮತ್ತೆ ತಿರುಗುವುದು ಹೇಗೆ? ಕೈ ತೋರಿಸಿ. ನಮ್ಮ ರಸ್ತೆ ನಿಯಮದ ಪ್ರಕಾರ ಸನ್ನೆ ಮಾಡಬೇಕಾದದ್ದು ಬಲಗೈಯಲ್ಲಿ. ಬಲಕ್ಕೆ ತಿರುಗಲು ಬಲಗೈ ನೇರ ಚಾಚಬೇಕು, ಎಡಕ್ಕೆ ತಿರುಗಲು ಅದೇ ಬಲಗೈಯನ್ನು ಚಾಚಿ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಸುತ್ತಿಸಬೇಕು. ಕಾರಿನ ಕಿಟಕಿಯಿಂದಾದರೆ ಸರಿ. ಬೈಕಿನಲ್ಲಿ? ತಿರುಗುವ ಮುಂಚೆ, ಅಂದರೆ ವೇಗ ತಗ್ಗಿಸಲೇಬೇಕಾದ ಹೊತ್ತಿಗೆ, ಮುಂದಿನ ಬ್ರೇಕ್ ಹಿಡಿಯುವ ಕೈಯೇ ಗಾಳಿಯಲ್ಲಿರುತ್ತದೆ!

ನಿಯಂತ್ರಣಗಳು ಎಲ್ಲಿರಬೇಕು ಎಂಬ ಜಗಳವನ್ನು ಬಹುಮಟ್ಟಿಗೆ ಮುಗಿಸಿದ್ದು ಅಮೆರಿಕದ ಒಂದು ಕಾನೂನು. 1974ರ ಸೆಪ್ಟೆಂಬರ್ 1ರಿಂದ ಅಲ್ಲಿ ಮಾರುವ ಬೈಕುಗಳಿಗೆ ಗೇರ್ ಎಡಗಾಲಿಗೆ, ಹಿಂದಿನ ಬ್ರೇಕ್ ಬಲಗಾಲಿಗೆ, ಹಾರನ್ ಮತ್ತು ಡಿಪ್ಪರ್ ಎಡಗೈಗೆ, ಎಂಜಿನ್ ನಿಲ್ಲಿಸುವ ಸ್ವಿಚ್ಚು ಬಲಗೈಗೆ ಅಂತ ನಿಗದಿಯಾಯಿತು. ಬಲಗಾಲಿನಲ್ಲಿ ಗೇರ್ ಹಾಕುತ್ತಿದ್ದ ಬ್ರಿಟಿಷ್ ಕಂಪನಿಗಳು ಅಮೆರಿಕದ ಗಿರಾಕಿಗಾಗಿ ಗಾಡಿಯ ಅಂಗಾಂಗ ಅದಲುಬದಲು ಮಾಡಬೇಕಾಯಿತು. ಆ ಕಾನೂನು ನಮಗೆ ಅನ್ವಯಿಸಲಿಲ್ಲವಾದ್ದರಿಂದ ಮದ್ರಾಸಿನ ಬುಲೆಟ್ ಇನ್ನೂ ಎಷ್ಟೋ ವರ್ಷ ಬಲಗಾಲಿನಲ್ಲೇ ಗೇರ್ ಹಾಕಿಸಿಕೊಂಡಿತು. ಒಂದೇ ಮನೆಯಲ್ಲಿ ಬುಲೆಟ್ಟೂ ಜಾವಾವೂ ಇದ್ದರೆ, ಬ್ರೇಕ್ ಅಂತ ಗೇರ್ ಒತ್ತಿ ಕಾಂಪೌಂಡಿಗೆ ಗುದ್ದಿದ ಒಬ್ಬ ಚಿಕ್ಕಪ್ಪನಾದರೂ ಆ ಮನೆಯಲ್ಲಿ ಇದ್ದೇ ಇರುತ್ತಾರೆ.

ನಮ್ಮಲ್ಲಿ ಹ್ಯಾಂಡಲ್ ಬದಲಾಗಿದ್ದು ಕಾನೂನಿಗಿಂತ ಹೆಚ್ಚಾಗಿ ಜಪಾನಿ ಬೈಕುಗಳಿಂದ. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು, ಅದೇ ವರ್ಷ ಯಮಾಹಾ ಆರ್‌ಎಕ್ಸ್ 100 ಬಂತು. ಡಿಪ್ಪರ್, ಇಂಡಿಕೇಟರ್, ಹಾರನ್ ಎಲ್ಲ ಒಂದೇ ಡಬ್ಬಿಯಲ್ಲಿ, ಹೆಬ್ಬೆರಳು ಚಾಚಿದರೆ ಸಿಗುವಂತೆ. ಇವತ್ತು ನೀವು ಆಫೀಸಿಗೆ ಓಡಿಸುವ ಗಾಡಿಯ ಎಡಗಡೆ ಇರುವುದೂ ಅದೇ ಡಬ್ಬಿಯ ಸಂತಾನ.

ಈಗ ನಮ್ಮ ಶೆಡ್ಡಿಗೆ ಬನ್ನಿ.

ಅಪ್ಪನ ಜಾವಾದ ಎಡ ಹಿಡಿಯ ಪಕ್ಕ ಎರಡು ಸ್ವಿಚ್ಚುಗಳಿದ್ದವು. ಒಂದು ಕಾರ್ಖಾನೆಯದೇ ಹಾರನ್-ಡಿಪ್ಪರ್. ಇನ್ನೊಂದು, ಯಾವುದೋ ಬೇರೆ ಗಾಡಿಯ ಕಪ್ಪು ಪ್ಲಾಸ್ಟಿಕ್ಕಿನ ಇಂಡಿಕೇಟರ್ ಸ್ವಿಚ್ಚು, ಅಲ್ಯುಮಿನಿಯಂ ಪಟ್ಟಿ ಬಗ್ಗಿಸಿ ಕಟ್ಟಿದ್ದು. ನೋಡಲು ಅವಲಕ್ಷಣ. ಅದನ್ನು ಬಿಚ್ಚಿ ಒಂದು ಡಬ್ಬಿಗೆ ಹಾಕಿದೆ. ನನ್ನ ಆಸೆ 1969ರ ದಿನ ಶೋರೂಮಿನಿಂದ ಹೊರಬಂದ ಹಾಗೆ ಗಾಡಿ ಕಾಣಬೇಕು ಅನ್ನುವುದು. ಹಾರನ್-ಡಿಪ್ಪರ್ ಸ್ವಿಚ್ಚಿಗೂ ಅದೇ ಅಚ್ಚಿನ ಹೊಸ ನಕಲು ತರಿಸಿದೆ. ಫಳಫಳ ಹೊಳೆಯುತ್ತಿತ್ತು.

ನಮ್ಮ ಮೆಕ್ಯಾನಿಕ್ ಸಾಬ್ರು ಅದನ್ನು ಕೈಯಲ್ಲಿ ತೂಗಿ ನೋಡಿ, 'ಸಾರ್, ಇದು ಒಂದು ಮಳೆಗಾಲ ಬರಲ್ಲ' ಅಂದರು. ಲೆಕ್ಕ ಸುಲಭದ್ದು. 35 ವ್ಯಾಟಿನ ಬಲ್ಬು 12 ವೋಲ್ಟಿನ ಗಾಡಿಯಲ್ಲಿ ಸುಮಾರು 3 ಆಂಪಿಯರ್ ಎಳೆದರೆ, ನಮ್ಮ 6 ವೋಲ್ಟಿನ ಗಾಡಿಯಲ್ಲಿ ಹತ್ತಿರ ಹತ್ತಿರ 6 ಎಳೆಯುತ್ತದೆ. ಬೆಳಕು ಅಷ್ಟೇ, ಕರೆಂಟು ಎರಡರಷ್ಟು. ತೆಳು ವೈರು, ತೆಳು ತಗಡಿನ ಕಾಂಟ್ಯಾಕ್ಟ್ ಇದ್ದರೆ ಸ್ವಿಚ್ಚು ಬಿಸಿಯಾಗುತ್ತದೆ, ಬೆಳಕು ಮಂಕಾಗುತ್ತದೆ. ಹಳೇ ಸ್ವಿಚ್ಚಿನ ಒಳಗೆ ದಪ್ಪ ಹಿತ್ತಾಳೆ ಇತ್ತು. ನಯವಾದ ಉಪ್ಪು ಕಾಗದದಲ್ಲಿ ತಿಕ್ಕಿದ ಮೇಲೆ ಬಂಗಾರದ ಹಾಗೆ ಬಂತು. ಹೊಸದು ಪೆಟ್ಟಿಗೆಗೆ ವಾಪಸ್ ಹೋಯಿತು. ಹಳೆಯದರ ಮೈಯನ್ನು ಪೌಡರ್ ಕೋಟಿಂಗ್‌ಗೆ ಕಳಿಸಿದೆವು.

ಕೂರಿಸಿದ ದಿನ ಡಿಪ್ಪರ್ ಸರಿಯಾಗಿ ಕೆಲಸ ಮಾಡಿತು, ಹಾರನ್ ಮಾತ್ರ ಮೂಕ. ಬ್ಯಾಟರಿ ನೋಡಿದೆವು, ಹಾರನ್ ಬಿಚ್ಚಿ ನೋಡಿದೆವು. ಅರ್ಧ ದಿನ ಹೋಯಿತು. ಆಮೇಲೆ ಸಾಬ್ರಿಗೆ ಹೊಳೆಯಿತು. ಆ ಕಾಲದ ಬಹಳಷ್ಟು ಗಾಡಿಗಳಲ್ಲಿ ಹಾರನ್ ಗುಂಡಿಗೆ ಬರುವುದು ಒಂದೇ ವೈರು. ವಾಪಸ್ ಹೋಗುವ ದಾರಿ ಗಾಡಿಯ ಮೈಯೇ: ಗುಂಡಿ ಒತ್ತಿದಾಗ ವೈರು ಸ್ವಿಚ್ಚಿನ ಲೋಹಕ್ಕೆ ತಾಗಿ, ಅಲ್ಲಿಂದ ಹ್ಯಾಂಡಲ್, ಅಲ್ಲಿಂದ ಫ್ರೇಮ್. ನಾವು ಕ್ಲ್ಯಾಂಪಿನ ಒಳಮೈಗೂ ಸೇರಿಸಿ ಬಣ್ಣ ಹೊಡೆಸಿದ್ದೆವು. ಬಣ್ಣ ಕರೆಂಟ್ ಬಿಡುವುದಿಲ್ಲ. ಯಾರಿಗೂ ಕಾಣದ ಆ ಒಳಭಾಗದಲ್ಲಿ ಬೆರಳುಗುರಿನಷ್ಟು ಜಾಗ ಕೆರೆದದ್ದೇ ತಡ, ಹಾರನ್ ಬೀದಿಗೆ ಕೇಳುವಂತೆ ಕೂಗಿತು. ಇನ್ನು ಮುಂದೆ ತೊಂದರೆ ಬೇಡ ಅಂತ ಹ್ಯಾಂಡಲ್‌ನಿಂದ ಫ್ರೇಮ್‌ಗೆ ಒಂದು ಅರ್ಥ್ ವೈರನ್ನೂ ಎಳೆದೆವು.

ಕೂಗು ಕೇಳಿ ಅಪ್ಪ ಹಿತ್ತಿಲಿಗೆ ಬಂದರು. ಹ್ಯಾಂಡಲ್ ಮೇಲೆ ಕೈಯಾಡಿಸಿದರು. ಹೆಬ್ಬೆರಳು ಒಂದು ಕಡೆ ಹೋಗಿ ಏನೂ ಸಿಗದೆ ನಿಂತಿತು.

'ಇಲ್ಲಿದ್ದಿದ್ದು ಎಲ್ಲಿ ಪುಟ್ಟ?'

'ಅದು ಒರಿಜಿನಲ್ ಅಲ್ಲ ಅಲ್ವಾ ಅಪ್ಪ, ತೆಗೆದುಬಿಟ್ಟೆ' ಅಂದೆ.

ಆಗ ಹೇಳಿದರು. ನಾನು ಹುಟ್ಟುವ ಮುಂಚೆ, ಕೆಆರ್‌ಎಸ್ ರಸ್ತೆಯಲ್ಲಿ, ಮಳೆ ಬರುತ್ತಿದ್ದ ಒಂದು ಸಂಜೆ. ಬಲಕ್ಕೆ ತಿರುಗಲು ಕೈ ಚಾಚಿದ್ದರು. ಕಪ್ಪು ರೇನ್‌ಕೋಟಿನ ಕೈ, ಮಬ್ಬುಗತ್ತಲು. ಹಿಂದಿನ ವ್ಯಾನಿನವನಿಗೆ ಕಾಣಲಿಲ್ಲ. ಅಪ್ಪನಿಗೆ ತರಚಿದ ಗಾಯ. ಹಿಂದೆ ಕೂತಿದ್ದ ಅಮ್ಮನ ಮೊಣಕೈ ಮುರಿಯಿತು. ಅಮ್ಮನ ಎಡಗೈ ಪೂರ್ತಿ ನೇರವಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಬಿದ್ದಿರಬೇಕು ಅಂದುಕೊಂಡಿದ್ದೆ. ಅಮ್ಮ ಆಸ್ಪತ್ರೆಯಿಂದ ಬಂದ ವಾರ ಅಪ್ಪ ಗುಜರಿಯಲ್ಲಿ ಆ ಸ್ವಿಚ್ಚು ಹುಡುಕಿ, ಪಟ್ಟಿ ಬಗ್ಗಿಸಿ, 6 ವೋಲ್ಟಿನ ಫ್ಲ್ಯಾಶರ್ ತಂದು, ಮೂರು ರಾತ್ರಿ ಕೂತು ತಾವೇ ಕೂರಿಸಿದ್ದರಂತೆ.

ಹಳೇ ಗಾಡಿ ಪ್ರೀತಿಸುವವರಲ್ಲಿ 'ಒರಿಜಿನಲ್' ಅನ್ನುವುದು ದೊಡ್ಡ ಮಾತು. ಸರ್ಕಾರವೂ ಅದನ್ನು ಗುರುತಿಸಿದೆ. 2021ರಲ್ಲಿ ಬಂದ ನಿಯಮದಂತೆ 50 ವರ್ಷ ದಾಟಿದ, ಮೂಲ ಸ್ವರೂಪ ಉಳಿಸಿಕೊಂಡಿರುವ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ನಂಬರಿನ ನಡುವೆ ವಿಎ ಅನ್ನುವ ಅಕ್ಷರ ಬರುತ್ತದೆ. ಅಲ್ಲಿ ಮುಖ್ಯವಾಗಿ ನೋಡುವುದು ಚಾಸಿ, ಬಾಡಿ, ಎಂಜಿನ್. ಒಂದು ಸ್ವಿಚ್ಚಿಗೆ ತಕರಾರು ಬರಲಿಕ್ಕಿಲ್ಲ. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥವಕ್ಕೆ ಬಿಟ್ಟು ದಿನನಿತ್ಯ ಓಡಿಸುವಂತಿಲ್ಲ. ಅಪ್ಪನಿಗೆ ಅದು ಬೇಡ. ಆರ್‌ಸಿ ನವೀಕರಿಸುತ್ತಲೇ ಬಂದಿದ್ದಾರೆ, ಹಳೇ ನಂಬರೇ ಇರಲಿ ಅಂತಾರೆ.

ನನಗೆ ಉಳಿದದ್ದು ಒಂದೇ ಪ್ರಶ್ನೆ. ಗಾಡಿಯನ್ನು ಯಾವ ದಿನಕ್ಕೆ ವಾಪಸ್ ಕರೆದೊಯ್ಯಬೇಕು? ಶೋರೂಮಿನ ದಿನಕ್ಕೆ ಹೋದರೆ ಅಪ್ಪ ಅಮ್ಮ ಅದರ ಮೇಲೆ ಕಳೆದ ಬದುಕನ್ನೆಲ್ಲ ಅಳಿಸಿದ ಹಾಗೆ. ನಾನು ತಗಡಿನ ಪಟ್ಟಿ ಅಂದುಕೊಂಡಿದ್ದು ಆ ಗಾಡಿ ಅನುಭವದಿಂದ ಕಲಿತ ಪಾಠ. ಡಿಪ್ಪರ್ ಬಂದದ್ದೂ ಹೀಗೇ ಅಲ್ವಾ? ಯಾರದ್ದೋ ಕಣ್ಣಿಗೆ ಬೆಳಕು ಹೊಡೆದ ಮೇಲೆ ತಾನೇ. ಹ್ಯಾಂಡಲ್ ಮೇಲಿನ ಎಷ್ಟೋ ಸ್ವಿಚ್ಚುಗಳ ಹಿಂದೆ ಇಂಥದ್ದೊಂದು ರಸ್ತೆ, ಇಂಥದ್ದೊಂದು ಸಂಜೆ ಇರುತ್ತದೆ.

ಡಬ್ಬಿಯಿಂದ ಹೊರತೆಗೆದೆ. ಆದರೆ ಈಗ ಅದನ್ನು ಎಲ್ಲಿ ಕೂರಿಸುವುದು? ಪಟ್ಟಿ ಒತ್ತಿ ಒತ್ತಿ ಹ್ಯಾಂಡಲ್ ಮೇಲೆ ಮೂಡಿದ್ದ ಗುರುತು ಹೊಸ ಕ್ರೋಮಿನಲ್ಲಿ ಅಳಿಸಿಹೋಗಿತ್ತು. ಹೊಸದಾಗಿ ತೂತು ಕೊರೆಯುವಂತೆಯೂ ಇಲ್ಲ, ಹ್ಯಾಂಡಲ್ ಬಲ ಕಳೆದುಕೊಳ್ಳುತ್ತದೆ. ಸಾಬ್ರೇ ಉಪಾಯ ಹೇಳಿದರು: 'ಯಜಮಾನ್ರೇ, ಕೂತ್ಕೊಳಿ. ಕಣ್ಣು ಮುಚ್ಚಿ. ರೈಟ್‌ಗೆ ಇಂಡಿಕೇಟರ್ ಹಾಕಿ.'

ಅಪ್ಪ ನಗುತ್ತಲೇ ಸೀಟಿನ ಮೇಲೆ ಕೂತು ಕಣ್ಣು ಮುಚ್ಚಿದರು. ಎಡಗೈ ಹೆಬ್ಬೆರಳು ಹಿಡಿಯಿಂದ ಈಚೆಗೆ ಜಾರಿ, ಸ್ವಲ್ಪ ಕೆಳಗೆ ಬಾಗಿ, ಒಂದು ಕಡೆ ನಿಂತಿತು. ಸಾಬ್ರು ಅಲ್ಲೇ ಪೆನ್ನಿನಲ್ಲಿ ಗುರುತು ಹಾಕಿದರು. ಪಟ್ಟಿ ಸುತ್ತಿದೆವು, ಹ್ಯಾಂಡಲನ್ನು ಆ ತುದಿಯಿಂದ ಈ ತುದಿಗೆ ತಿರುಗಿಸಿ ವೈರ್ ಎಲ್ಲೂ ಬಿಗಿಯುವುದಿಲ್ಲ ಅಂತ ನೋಡಿಕೊಂಡು ಸ್ಕ್ರೂ ಬಿಗಿ ಮಾಡಿದೆವು.

ಟಿಕ್ ಟಿಕ್ ಶಬ್ದ ಶುರುವಾದಾಗ ಅಮ್ಮ ಅಡುಗೆಮನೆಯ ಕಿಟಕಿಯಿಂದ ಇಣುಕಿದರು. 'ಅದು ಇನ್ನೂ ಉರಿಯತ್ತಾ?' ಅಂತ ಕೇಳಿ ಒಳಗೆ ಹೋದರು.