ಮದುವೆ ಫೋಟೋ ವಾಟ್ಸ್‌ಆಪ್‌ನಲ್ಲಿ ಬಂದರೆ ಸಾಕೇ? ಸ್ಟುಡಿಯೋದಿಂದ ಒರಿಜಿನಲ್ ಪಡೆಯುವ ಬಗೆ

ಮದುವೆ ಮುಗಿದ ಕೆಲವೇ ದಿನಗಳಲ್ಲಿ ಫ್ಯಾಮಿಲಿ ಗ್ರೂಪಿಗೆ ಫೋಟೋಗಳು ಬರತೊಡಗುತ್ತವೆ. ಸ್ಟುಡಿಯೋದವರು ಕಳಿಸಿದ್ದನ್ನು ಮಾವ ಅತ್ತೆಗೆ, ಅತ್ತೆ ತವರಿನವರಿಗೆ, ಅವರು ಇನ್ನೊಂದು ಗ್ರೂಪಿಗೆ ಫಾರ್ವರ್ಡ್ ಮಾಡುತ್ತಾರೆ. ಮೊಬೈಲಿನಲ್ಲಿ ನೋಡಿದರೆ ಎಲ್ಲವೂ ಚೆಂದ. "ಫೋಟೋ ಎಲ್ಲಾ ಬಂತಲ್ಲ, ಇನ್ನು ಪೆನ್‌ಡ್ರೈವ್ ಯಾಕೆ?" ಎಂದು ಮನೆಯವರು ಸುಮ್ಮನಾಗುತ್ತಾರೆ.

ತೊಂದರೆ ಗೊತ್ತಾಗುವುದು ಕೆಲವು ವರ್ಷಗಳ ಮೇಲೆ. ಮನೆಯ ಹಿರಿಯರೊಬ್ಬರು ತೀರಿಕೊಂಡಾಗ ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಬೇಕಾಗುತ್ತದೆ. ಅಜ್ಜಿ ರೇಷ್ಮೆ ಸೀರೆಯುಟ್ಟು ನಗುತ್ತಾ ಕೂತಿರುವ ಚಿತ್ರ ಮೊಮ್ಮಗಳ ಮದುವೆಯದ್ದೇ. ಆದರೆ ಮನೆಯಲ್ಲಿ ಉಳಿದಿರುವುದು ವಾಟ್ಸ್‌ಆಪ್‌ನಲ್ಲಿ ಬಂದ ಪ್ರತಿ ಮಾತ್ರ. ಅದನ್ನು ದೊಡ್ಡದು ಮಾಡಿಸಿದರೆ ಮುಖ ಕಲಸಿಹೋಗುತ್ತದೆ. ಹೀಗೇಕೆ ಆಗುತ್ತದೆ?

ವಾಟ್ಸ್‌ಆಪ್ ಫೋಟೋಗೆ ಏನು ಮಾಡುತ್ತದೆ?

ಮದುವೆಗೆ ಬಳಸುವ ಸಾಮಾನ್ಯ 24 ಮೆಗಾಪಿಕ್ಸೆಲ್ ಕ್ಯಾಮೆರಾ ತೆಗೆದ ಫೋಟೋದಲ್ಲಿ ಉದ್ದಕ್ಕೆ 6000, ಅಗಲಕ್ಕೆ 4000 ಚುಕ್ಕಿಗಳಿರುತ್ತವೆ. ಒಟ್ಟು 2.4 ಕೋಟಿ. ಅದನ್ನು ವಾಟ್ಸ್‌ಆಪ್‌ನಲ್ಲಿ ಮಾಮೂಲಿ ಫೋಟೋದಂತೆ ಕಳಿಸಿದರೆ ಡೇಟಾ ಉಳಿಸಲು ಆಪ್ ಅದನ್ನು ಕುಗ್ಗಿಸುತ್ತದೆ. ತಲುಪುವ ಫೋಟೋದ ಉದ್ದ ಸಾಮಾನ್ಯವಾಗಿ 1600ರಿಂದ 2000 ಚುಕ್ಕಿಗಳ ಆಸುಪಾಸಿನಲ್ಲಿರುತ್ತದೆ. 1600 ಎಂದಿಟ್ಟುಕೊಂಡರೂ ಒಟ್ಟು ಚುಕ್ಕಿಗಳು ಸುಮಾರು 17 ಲಕ್ಷ. ಅಂದರೆ ಮೂಲದ ಹದಿನಾಲ್ಕನೇ ಒಂದು ಭಾಗ. ಮೊಬೈಲಿನ ಪುಟ್ಟ ಪರದೆಗೆ ಇಷ್ಟು ಸಾಕು, ಆದ್ದರಿಂದಲೇ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಪ್ರಿಂಟ್ ಹಾಕಿಸುವಾಗ ಲೆಕ್ಕ ಬೇರೆ. ಹತ್ತಿರದಿಂದ ನೋಡುವ ಪ್ರಿಂಟ್ ಚೊಕ್ಕವಾಗಿ ಬರಲು ಇಂಚಿಗೆ 300 ಚುಕ್ಕಿ ಇರಬೇಕೆಂಬುದು ಲ್ಯಾಬ್‌ಗಳವರ ರೂಢಿ. ಆ ಲೆಕ್ಕದಲ್ಲಿ ಮೂಲ ಫೋಟೋ 20 ಇಂಚು ಉದ್ದದವರೆಗೆ ಹೋಗುತ್ತದೆ, 1600 ಚುಕ್ಕಿಯ ವಾಟ್ಸ್‌ಆಪ್ ಪ್ರತಿ ಐದು ಇಂಚಿನ ಆಸುಪಾಸಿಗೇ ನಿಲ್ಲುತ್ತದೆ. ಈಗ ಮದುವೆಗಳಲ್ಲಿ ಮಾಡಿಸುವ ಕರಿಷ್ಮಾ ಆಲ್ಬಂನ ಎರಡು ಪುಟ ಬಿಡಿಸಿದರೆ 36 ಇಂಚು ಇರುವುದುಂಟು. ಗ್ರೂಪ್ ಫೋಟೋದಿಂದ ಒಬ್ಬರ ಮುಖವನ್ನು ಮಾತ್ರ ಕತ್ತರಿಸಿ ತೆಗೆಯಬೇಕೆಂದರೆ ಇನ್ನೂ ಕಷ್ಟ. ಅಜ್ಜಿಯ ಮುಖ ಫೋಟೋದ ಇಪ್ಪತ್ತನೇ ಒಂದು ಭಾಗದಷ್ಟು ಅಗಲವಿದ್ದರೆ ಮೂಲದಲ್ಲಿ ಅದಕ್ಕೆ 300 ಚುಕ್ಕಿ ಸಿಗುತ್ತದೆ, ವಾಟ್ಸ್‌ಆಪ್ ಪ್ರತಿಯಲ್ಲಿ ಬರೀ 80. ಮುನ್ನೂರಿದ್ದರೆ ಸಣ್ಣ ಫ್ರೇಮಿಗಾದರೂ ಎಳೆಯಬಹುದು. ಎಂಬತ್ತರಲ್ಲಿ ಮೂಗುತಿಯೂ ಕಾಣುವುದಿಲ್ಲ.

"ಈಗ ಎಐ ಆಪ್ ಇದೆ, ಮಸುಕು ಫೋಟೋ ಕ್ಲಿಯರ್ ಮಾಡುತ್ತದೆ" ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಕಳೆದುಹೋದ ಚುಕ್ಕಿಗಳನ್ನು ಯಾವ ಆಪ್ ಕೂಡ ಮರಳಿ ತರಲಾರದು. ಸಾವಿರಾರು ಬೇರೆ ಮುಖಗಳನ್ನು ನೋಡಿ ಕಲಿತದ್ದರಿಂದ ಅಲ್ಲಿ ಏನಿದ್ದಿರಬಹುದು ಎಂದು ಊಹಿಸಿ ಬರೆಯುತ್ತದೆ. ಫೋಟೋ ನುಣ್ಣಗಾಗುತ್ತದೆ, ಆದರೆ ಅಜ್ಜಿಯ ಬದಲು ಅಜ್ಜಿಯಂತಿರುವ ಯಾರೋ ಕಾಣುತ್ತಾರೆ.

ಹಾಗಂತ ವಾಟ್ಸ್‌ಆಪ್‌ನಲ್ಲಿ ಒರಿಜಿನಲ್ ಕಳಿಸಲು ಆಗುವುದೇ ಇಲ್ಲ ಎಂದಲ್ಲ. ಫೋಟೋವನ್ನು ಗ್ಯಾಲರಿಯಿಂದ ಆರಿಸುವ ಬದಲು ಡಾಕ್ಯುಮೆಂಟ್ ಎಂದು ಲಗತ್ತಿಸಿದರೆ ಫೈಲ್ ಇದ್ದದ್ದು ಇದ್ದಂತೆಯೇ ಹೋಗುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಮಾಮೂಲಿಗಿಂತ ಮೇಲು, ಆದರೆ ಅದೂ ಪೂರ್ತಿ ಒರಿಜಿನಲ್ ಅಲ್ಲ. ನಾಲ್ಕೈದು ಫೋಟೋಗೆ ಡಾಕ್ಯುಮೆಂಟ್ ದಾರಿ ಸರಿ, ಎರಡು ಸಾವಿರ ಫೋಟೋಗೆ ಅಲ್ಲ.

ಇನ್ನೊಂದು ಮಾತು ಆಗಾಗ ಫಾರ್ವರ್ಡ್ ಆಗುತ್ತದೆ: ಜೆಪಿಜಿ ಫೋಟೋವನ್ನು ಪದೇ ಪದೇ ತೆರೆದರೆ, ಕಾಪಿ ಮಾಡಿದರೆ ಗುಣಮಟ್ಟ ಇಳಿಯುತ್ತದಂತೆ. ಇದು ಸುಳ್ಳು. ಸಾವಿರ ಸಲ ಕಾಪಿ ಮಾಡಿದರೂ ಫೈಲ್ ಹಾಗೇ ಇರುತ್ತದೆ. ಕತ್ತರಿಸಿ, ಬಣ್ಣ ತಿದ್ದಿ ಮತ್ತೆ ಸೇವ್ ಮಾಡಿದಾಗ ಮಾತ್ರ ಪ್ರತಿ ಸಲ ಒಂದಿಷ್ಟು ವಿವರ ನಷ್ಟವಾಗುತ್ತದೆ. ಸ್ಕ್ರೀನ್‌ಶಾಟ್ ತೆಗೆದರಂತೂ ಸಿಗುವುದು ನಿಮ್ಮ ಪರದೆಯಲ್ಲಿ ಇದ್ದಷ್ಟೇ.

ಸ್ಟುಡಿಯೋದವರು ಕೊಡುವುದು ಏನು?

ಹೆಚ್ಚಿನ ಫೋಟೋಗ್ರಾಫರ್‌ಗಳು 'ರಾ' ಎಂಬ ಬಗೆಯಲ್ಲಿ ಫೋಟೋ ತೆಗೆಯುತ್ತಾರೆ. ಕ್ಯಾಮೆರಾದ ಸೆನ್ಸರ್ ಕಂಡ ಬೆಳಕಿನ ಲೆಕ್ಕವೆಲ್ಲ ಅದರಲ್ಲಿ ಇರುತ್ತದೆ. ಜೆಪಿಜಿಯಲ್ಲಿ ಒಂದೊಂದು ಬಣ್ಣಕ್ಕೆ 256 ಹಂತಗಳಿದ್ದರೆ 14 ಬಿಟ್ ರಾ ಫೈಲಿನಲ್ಲಿ 16,384. ಛತ್ರದ ಹಳದಿ ಲೈಟಿನಲ್ಲಿ ಕೆಟ್ಟ ಬಣ್ಣವನ್ನು ಆಮೇಲೆ ಸರಿಪಡಿಸಲು ಇದೇ ಆಧಾರ. ತಿದ್ದುವ ಕೆಲಸ ಮುಗಿದ ಮೇಲೆ ಅದನ್ನು ಜೆಪಿಜಿ ಮಾಡಿ ನಮಗೆ ಕೊಡುತ್ತಾರೆ. ಆದ್ದರಿಂದ "ರಾ ಕೊಡಲಿಲ್ಲ, ಮೋಸ ಮಾಡಿದರು" ಎಂಬ ದೂರಿನಲ್ಲಿ ಅಷ್ಟೇನೂ ಹುರುಳಿಲ್ಲ. ರಾ ಫೈಲ್ ಅನೇಕ ಮೊಬೈಲ್‌ಗಳಲ್ಲಿ ತೆರೆಯುವುದೇ ಇಲ್ಲ, ತೆರೆದರೂ ಸಪ್ಪೆಯಾಗಿ ಕಾಣುತ್ತದೆ. ನಾವು ಕೇಳಬೇಕಾದದ್ದು ತಿದ್ದಿ ಮುಗಿಸಿದ, ಕುಗ್ಗಿಸದ, ಪೂರ್ಣ ಅಳತೆಯ ಜೆಪಿಜಿ.

ಪೂರ್ಣ ಅಳತೆಯದ್ದೇ ಬಂದಿದೆಯೇ ಎಂದು ತಿಳಿಯುವುದು ಸುಲಭ. ಫೋಟೋದ ವಿವರ ತೆರೆದರೆ ಅಳತೆ ಕಾಣುತ್ತದೆ. 6000 × 4000ರ ಹತ್ತಿರ ಇದ್ದು, ಹಲವು ಎಂಬಿ ತೂಗಿದರೆ ಸರಿ. ಕೆಲವೇ ನೂರು ಕೆಬಿ ಇದ್ದರೆ ನಿಮಗೆ ಸಿಕ್ಕಿರುವುದು ಆಲ್ಬಂಗೆ ಫೋಟೋ ಆರಿಸಲು ಕೊಟ್ಟ ಸ್ಯಾಂಪಲ್ ಇರಬಹುದು. ಬಾಕಿ ಹಣ ಕೊಡುವ ಮೊದಲೇ ನೋಡಿಕೊಳ್ಳುವುದು ಲೇಸು.

ಕೈಗೆ ಕೊಡುವ ಬಗೆ ಹಲವು. ಈಗಲೂ ಪೆನ್‌ಡ್ರೈವ್ ಹೆಚ್ಚು ಚಾಲ್ತಿಯಲ್ಲಿದೆ, ಅಂದದ ಮರದ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಾರೆ. ಪೆಟ್ಟಿಗೆ ಗಟ್ಟಿ, ಒಳಗಿನದ್ದು ಅಷ್ಟು ಗಟ್ಟಿಯಲ್ಲ. ಪೆನ್‌ಡ್ರೈವ್ ಮಾಹಿತಿಯನ್ನು ಅತಿ ಸೂಕ್ಷ್ಮ ಕೋಶಗಳಲ್ಲಿ ವಿದ್ಯುತ್ ಕಣಗಳಾಗಿ ಹಿಡಿದಿಡುತ್ತದೆ, ಅವು ಕಾಲಕ್ರಮೇಣ ಸೋರುತ್ತವೆ. ಬೀರುವಿನಲ್ಲಿ ಹತ್ತಾರು ವರ್ಷ ಇಟ್ಟು ತೆಗೆದರೆ ತೆರೆದೀತೆಂದು ನಂಬಿ ಕೂರುವಂತಿಲ್ಲ. ಪೆನ್‌ಡ್ರೈವಿನಲ್ಲಿ ಮದುವೆಯ ವಿಡಿಯೋ ಕಾಪಿ ಆಗುತ್ತಿಲ್ಲ ಎಂದು ಕೆಲವರು ಪರದಾಡುತ್ತಾರೆ. ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಅದರಲ್ಲಿ ಹಿಡಿಯುವುದಿಲ್ಲ, ಅಷ್ಟೇ ಕಾರಣ. ಡಿವಿಡಿಯ ಕಾಲ ಮುಗಿದಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದನ್ನು ಹಾಕುವ ಜಾಗವೇ ಇಲ್ಲ. ಹಳೆಯ ಮದುವೆಯ ಡಿವಿಡಿ ಮನೆಯಲ್ಲಿದ್ದರೆ ಈ ವಾರವೇ ಕಾಪಿ ಮಾಡಿಸಿ.

ಲಿಂಕ್ ಕಳಿಸುವುದು ಈಗ ಹೆಚ್ಚುತ್ತಿದೆ. ಇಲ್ಲಿ ಜನ ಎಡವುವುದು ಒಂದೇ ಕಡೆ: ಗೂಗಲ್ ಡ್ರೈವ್ ಲಿಂಕ್ ತೆರೆದು ಫೋಟೋ ನೋಡಿದರೆ ಅದು ನಿಮ್ಮದಾಯಿತು ಎಂದಲ್ಲ. ಫೈಲ್ ಇರುವುದು ಸ್ಟುಡಿಯೋದವರ ಖಾತೆಯಲ್ಲಿ. ಉಚಿತ ಖಾತೆಗೆ 15 ಜಿಬಿ ಮಾತ್ರ ಜಾಗ. ಅದರಲ್ಲೇ ಜಿಮೇಲ್, ಗೂಗಲ್ ಫೋಟೋಸ್ ಎಲ್ಲವೂ ಸೇರುತ್ತವೆ. ಮುಂದಿನ ಮದುವೆಯ ಫೋಟೋ ಹಾಕಲು ಅವರು ನಿಮ್ಮದನ್ನು ಅಳಿಸಿದರೆ ಲಿಂಕ್ ಖಾಲಿ. ಹಿಂದೆ ಸ್ಟುಡಿಯೋಗಳು ನೆಗೆಟಿವ್‌ಗಳನ್ನು ಕಟ್ಟಿಟ್ಟಿರುತ್ತಿದ್ದವು, ಎಷ್ಟೋ ವರ್ಷದ ಮೇಲೆ ಹೋಗಿ ಮತ್ತೊಂದು ಪ್ರತಿ ತೊಳೆಸಿಕೊಂಡು ಬರಬಹುದಿತ್ತು. ಈಗಿನ ಹಾರ್ಡ್‌ಡಿಸ್ಕ್‌ಗಳ ಮೇಲೆ ಆ ಭರವಸೆ ಇಟ್ಟುಕೊಳ್ಳಬಾರದು. ಎಷ್ಟು ತಿಂಗಳು ಇಟ್ಟುಕೊಳ್ಳುತ್ತೀರಿ ಎಂದು ಬುಕಿಂಗ್ ಸಮಯದಲ್ಲೇ ಕೇಳಿ ಬರೆಸಿಕೊಳ್ಳಿ.

ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಸೆಲ್ಫಿ ಕೊಟ್ಟರೆ ನೀವಿರುವ ಫೋಟೋಗಳನ್ನೆಲ್ಲ ಹುಡುಕಿಕೊಡುವ ವ್ಯವಸ್ಥೆಯೂ ಬಂದಿದೆ. ಅನುಕೂಲವೇನೋ ಸರಿ. ಆದರೆ ಅಲ್ಲಿ ಬಂದ ನೆಂಟರೆಲ್ಲರ, ಮಕ್ಕಳ ಮುಖದ ಗುರುತು ಬೇರೊಬ್ಬರ ಸರ್ವರ್‌ನಲ್ಲಿ ಕೂರುತ್ತದೆ. ಕೆಲಸ ಮುಗಿದ ಮೇಲೆ ಆ ಗ್ಯಾಲರಿಯನ್ನು ಅಳಿಸಲು ಹೇಳುವುದು ಒಳ್ಳೆಯದು.

ಫೋಟೋದ ಹಕ್ಕು ಯಾರದ್ದು?

"ಫೋಟೋ ತೆಗೆದವನೇ ಒಡೆಯ, ಅವನನ್ನು ಕೇಳದೆ ನಿಮ್ಮ ಮದುವೆ ಫೋಟೋ ನೀವೇ ಪ್ರಿಂಟ್ ಹಾಕಿಸುವಂತಿಲ್ಲ" ಎಂಬ ಮಾತು ನಮ್ಮಲ್ಲಿ ಹಾಗೇ ಹೊಂದುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕುದಾರರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಹಕ್ಕು ಫೋಟೋಗ್ರಾಫರ್‌ದು. ಅಲ್ಲಿ ಮದುವೆಯಾಗುವ ನಮ್ಮ ಹುಡುಗ ಹುಡುಗಿಯರು ಒಪ್ಪಂದದಲ್ಲಿ ಇದನ್ನು ನೋಡಿಕೊಳ್ಳಬೇಕು. ಇಲ್ಲಿಯೂ 'ಬೇರೆ ಒಪ್ಪಂದ' ಎಂಬ ಮಾತು ಮುಖ್ಯ. ಸಹಿ ಹಾಕುವ ಕಾಗದದಲ್ಲಿ ಹಕ್ಕು ಸ್ಟುಡಿಯೋದ್ದು ಎಂದಿದ್ದರೆ ಅದೇ ನಡೆಯುತ್ತದೆ. ವಧುವಿನ ಫೋಟೋ ಸ್ಟುಡಿಯೋದ ಇನ್‌ಸ್ಟಾಗ್ರಾಂ ಪುಟದಲ್ಲಿ ಬರುವುದು ಬೇಡ ಎನಿಸಿದರೆ ಅದನ್ನೂ ಅಲ್ಲೇ ಬರೆಸಿ. ಹಕ್ಕು ನಮ್ಮದು ಎಂದ ಮಾತ್ರಕ್ಕೆ ರಾ ಫೈಲ್‌ಗಳನ್ನೂ ಕೊಡಲೇಬೇಕು ಎಂದು ಜಗಳಕ್ಕೆ ನಿಲ್ಲುವುದು ಬೇಡ, ಅದು ಮೊದಲೇ ಮಾತಾಡಿಕೊಳ್ಳುವ ವಿಷಯ.

ಫೋಟೋ ಹೆಸರಿನಲ್ಲಿ ಬರುವ ಮೋಸ

ಮದುವೆ ಕರೆಯೋಲೆಯ ಹೆಸರಿನಲ್ಲಿ ವಾಟ್ಸ್‌ಆಪ್‌ಗೆ ಎಪಿಕೆ ಫೈಲ್ ಕಳಿಸಿ, ತೆರೆದವರ ಬ್ಯಾಂಕ್ ಖಾತೆಗೆ ಕನ್ನ ಹಾಕುವ ವಂಚನೆಯ ಬಗ್ಗೆ ಪೊಲೀಸರು ಎಚ್ಚರಿಸಿದ್ದಾರೆ. "ಮದುವೆ ಫೋಟೋ ನೋಡಿ" ಎಂದು ಬರುವುದಕ್ಕೂ ಇದೇ ಎಚ್ಚರಿಕೆ ಸಾಕು. ಫೋಟೋ ಫೈಲಿನ ಹೆಸರು ಜೆಪಿಜಿ ಅಥವಾ ಜೆಪಿಇಜಿ ಎಂದು ಮುಗಿಯುತ್ತದೆ, ಎಲ್ಲ ಫೋಟೋ ಒಟ್ಟಿಗೆ ಕಟ್ಟಿದ್ದರೆ ಜಿಪ್ ಎಂದು. ಎಪಿಕೆ ಎಂದಿದ್ದರೆ ಅದು ಫೋಟೋ ಅಲ್ಲ, ಆಪ್. ಕಳಿಸಿದವರು ಪರಿಚಯದ ಮಾವನೇ ಆಗಿದ್ದರೂ ಮೊದಲು ಫೋನ್ ಮಾಡಿ ಕೇಳಿ, ಅವರ ಮೊಬೈಲೇ ಕಳ್ಳರ ಕೈಯಲ್ಲಿರಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಪೂರ್ಣ ಅಳತೆಯ ಫೋಟೋಗಳು ಕೈಸೇರಿದ ಮೇಲೆ ಒಂದು ಪ್ರತಿ ಮನೆಯ ಕಂಪ್ಯೂಟರಿನಲ್ಲಿ, ಇನ್ನೊಂದು ಹಾರ್ಡ್‌ಡಿಸ್ಕಿನಲ್ಲಿ, ಮೂರನೆಯದು ಬೇರೆ ಊರಿನ ಅಣ್ಣನ ಮನೆಯಲ್ಲೋ ನಿಮ್ಮದೇ ಕ್ಲೌಡ್ ಖಾತೆಯಲ್ಲೋ ಇರಲಿ. ಕ್ಲೌಡ್ ಖಾತೆಯಾದರೆ ಆಗಾಗ ತೆರೆಯುತ್ತಿರಿ. ಎರಡು ವರ್ಷ ಬಳಸದ ಗೂಗಲ್ ಖಾತೆಯನ್ನು ಕಂಪನಿ ಅಳಿಸಬಹುದು. ಮನೆಯ ಹಿರಿಯರ ಒಂದಿಷ್ಟು ಒಳ್ಳೆಯ ಫೋಟೋಗಳನ್ನು ಈಗಲೇ ಪ್ರಿಂಟ್ ಹಾಕಿಸಿ, ಹಿಂಬದಿಯಲ್ಲಿ ಹೆಸರು ಮತ್ತು ದಿನಾಂಕ ಬರೆದಿಡಿ.